ಭೀಮಾ ದಂಡಿ ಹಿಡ್ಕೊಂಡು ಹಳೇ ಗೆಳತ್ಯಾರ ಮನಿಗಿ

ನಮಸ್ಕಾರ್ರಿ ಎಲ್ಲಾರಿಗೂ. ಒಳಗೇ ಮಲಗ್ಲಾಕ, ಅಡಗಿ ಮಾಡ್ಲಾಕ ಬರೋಹಂಗ ಮಾಡ್ಸಿದ ನಮ್ಮ ಗಾಡಿ ತಯಾರಾದಾಗಿಂದ ಮಕ್ಕಳು, ಬೀಗರು, ಓಣಿ ಮಂದಿ ಎಲ್ಲಾರೂ ಹೇಳಿದ್ದು ಒಂದೇ ಮಾತು: ಕಾರವಾರಕ್ಕ ಹೋಗ್ರಿ, ಅಲ್ಲಿಂದ ಗೋಕರ್ಣ, ಮುರ್ಡೇಶ್ವರ, ಮಲ್ಪೆ, ಹಂಗೇ ಸಮುದ್ರ ದಂಡಿ ಹಿಡ್ಕೊಂಡು ಮಂಗಳೂರು ತನಕ ಇಳೀರಿ. ಹೋಗಬೇಕು, ನನಗೂ ಭಾಳ ಆಸೆ ಅದ. ಆದ್ರ ಸಮುದ್ರದ ದಂಡಿ ಮ್ಯಾಲ ನಮ್ಮನ್ನ ನೋಡಿ "ಯವ್ವಾ, ಯಾವಾಗ ಬಂದಿ" ಅನ್ನೋರು ಯಾರೂ ಇಲ್ಲ. ಅನ್ನೋರು ಇರೋದು ಇಲ್ಲೇ, ನಮ್ಮ ಭೀಮಾ ದಂಡಿ ಮ್ಯಾಲ. ಅದಕ್ಕ ನಮ್ಮ ಮೊದಲನೇ ದೊಡ್ಡ ತಿರುಗಾಟ ಇದು: ಕಲಬುರಗಿ ಬಿಟ್ಟು ದೇವಲ ಗಾಣಗಾಪುರ, ಫಿರೋಜಾಬಾದ, ಸನ್ನತಿ, ಯಾದಗಿರಿ.

ಹೊಸದಾಗಿ ನೋಡ್ಲಾಕ ಬಂದವರಿಗಿ ನಮ್ಮ ಪರಿಚಯ ಸಣ್ಣಗ ಹೇಳ್ತೀನಿ. ನಾ ಇಡೀ ನೌಕರಿ ಎ.ಎನ್.ಎಂ. ಆಗಿ ಮಾಡಿದಾಕಿ. ಹಳ್ಳ್ಯಾಗ ನರ್ಸಬಾಯಿ ಅಂತಾರ. ನಮ್ಮವರು ವಾಡಿ ಜಂಕ್ಷನ್‌ನಾಗ ರೈಲ್ವೆ ನೌಕರಿ ಮಾಡಿ ನಿವೃತ್ತಿ ಆದವರು. ಗಾಡಿ ಹಳೇ ಫೋರ್ಸ್ ಟ್ರಾವೆಲರ್. ಆರ್‌ಟಿಒ ಅನುಮತಿ ತಗೊಂಡು ಒಳಗ ಮಂಚ, ಸಣ್ಣ ಒಲಿ, ನೀರಿನ ಟ್ಯಾಂಕ್, ಮ್ಯಾಲ ಸೋಲಾರ್ ಹಾಕ್ಸೀವಿ. ಇಷ್ಟು ಸಾಕು, ಗಾಡಿ ಬಗ್ಗೆ ಬ್ಯಾರೆ ವಿಡಿಯೋ ಅದ.

ಆದ್ರ ಎರಡು ಸಾಮಾನು ಮಾತ್ರ ಇಲ್ಲಿ ತೋರಿಸಬೇಕು. ಒಂದು ಈ ಸಣ್ಣ ಫ್ರಿಜ್. ನಮ್ಮವರು ಇನ್ಸುಲಿನ್ ತಗೋತಾರ. ಇನ್ನೂ ಬಳಸ್ಲಾಕ ಶುರು ಮಾಡದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗ ಇರಬೇಕು. ಫ್ರಿಜ್ ಕೈಕೊಟ್ರ ಅಂತ ಪಕ್ಕದಾಗ ಲಸಿಕಿ ಡಬ್ಬಿನೂ ಇಟ್ಟೀನಿ, ಅದೇ ನೀಲಿ ಡಬ್ಬಿ, ಒಳಗ ನಾಕು ಐಸ್ ಪ್ಯಾಕ್ ಕೂಡ್ತಾವ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ಸೀದಾ ಡಬ್ಬಿಗಿ ಹಾಕಬಾರದು. ಹೊರಗ ಇಟ್ಟು, ಮೈಗಿ ಬೆವರು ಬಂದ ಮ್ಯಾಲ ಕಿವಿ ಹತ್ರ ಹಿಡ್ದು ಅಲ್ಲಾಡಿಸಬೇಕು. ಒಳಗ ನೀರು ಗುಳುಗುಳು ಅಂದ್ರ ಹಾಕಬಹುದು. ಇಲ್ಲಾಂದ್ರ ಔಷಧ ಹೆಪ್ಪುಗಟ್ಟಿ ಕೆಡ್ತದ. ಇನ್ಸುಲಿನ್ ತಗೋಳೋರು ಯಾರ ಇದ್ರೂ ಇದೊಂದು ನೆನಪಿಟ್ಟುಕೋರಿ, ಬಿಸಿಲು ಕೆಡಸ್ತದ ಅಂತ ಎಲ್ಲಾರಿಗೂ ಗೊತ್ತು, ಬರ್ಫೂ ಕೆಡಸ್ತದ.

ಇನ್ನೊಂದು ಸಾಮಾನು ಹಿಂದಿನ ಮೂಲ್ಯಾಗ ಪರದೆ ಹಾಕಿದ ಕಮೋಡ್. ಇದನ್ನ ಹೇಳ್ಲಾಕ ನನಗೇನೂ ಸಂಕೋಚ ಇಲ್ಲ, ಯಾಕಂದ್ರ ಈ ಗಾಡಿ ಮಾಡ್ಸಿದ ಕಾರಣನೇ ಇದು.

ಅರವತ್ತು ದಾಟಿದ ಮ್ಯಾಲ ಗೆಳತ್ಯಾರ ಮನಿಗಿ ಹೋಗೋದು ಹ್ಯಾಂಗ ನಿಲ್ತದ ಗೊತ್ತೇನ್ರಿ? ಜಗಳ ಆಗಿ ಅಲ್ಲ. ಪ್ರೀತಿ ಕಡಿಮಿ ಆಗ್ಯೂ ಅಲ್ಲ. ನಾವು ಬರ್ತೀವಿ ಅಂದ್ರ ಆಕಿ ಅಟ್ಟದ ಮ್ಯಾಲಿನ ಗಾದಿ ಇಳಿಸ್ಲಾಕ ಏಣಿ ಹತ್ತತಾಳ. ಹಿತ್ತಲದಾಗಿನ ಪಾಯಖಾನಿಗಿ ರಾತ್ರಿ ಇವರು ಹ್ಯಾಂಗ ಹೋಗ್ತಾರಂತ ಚಿಂತಿ ಮಾಡ್ತಾಳ. ನನ್ನ ಮೊಣಕಾಲು ಕೂಡ್ಲಾಕ ಬಗ್ಗಂಗಿಲ್ಲ, ಅದನ್ನ ಆಕಿಗಿ ಹೇಳ್ಲಾಕ ನನಗ ಮನಸ್ಸಿಲ್ಲ. ಆಕಿ "ಬಾ" ಅಂತಾಳ, ನಾ "ಬರ್ತೀನಿ ತಡಿ" ಅಂತೀನಿ, ವರ್ಷ ಉರುಳ್ತಾವ. ಆಮ್ಯಾಲ ಭೇಟಿ ಆಗೋದು ಯಾರದೋ ಮಣ್ಣಿಗಿ ಹೋದಾಗ. ಹಿಂಗ ನಾ ಇಬ್ಬರು ಗೆಳತ್ಯಾರನ್ನ ಕಳಕೊಂಡೀನಿ. ಇನ್ನೊಬ್ಬಾಕಿನ್ನ ಹಂಗ ಕಳಕೋಬಾರದು ಅಂತ ಈ ಗಾಡಿ. ಗಾಡಿ ಅವರ ಮನಿ ಮುಂದ ನಿಲ್ತದ, ಹಾಸಿಗಿ ನಮ್ದು, ನೀರು ನಮ್ದು, ಅವರಿಗಿ ಉಳಿಯೋದು ಮಾತಾಡೋ ಕೆಲಸ ಒಂದೇ.

ಈಗ ಕಾಣ್ತದಲ್ಲ, ಇದು ದೇವಲ ಗಾಣಗಾಪುರ. ಅಫಜಲಪುರ ತಾಲ್ಲೂಕು. ಅಲ್ಲಿ ಕೆಳಗ ಅಮರ್ಜಾ ಬಂದು ಭೀಮಾಕ್ಕ ಕೂಡ್ತಾಳ, ಅದೇ ಸಂಗಮ. ದತ್ತಾತ್ರೇಯನ ನಿರ್ಗುಣ ಪಾದುಕಾ ಇರೋ ಊರು. ಮಹಾರಾಷ್ಟ್ರದಿಂದ ಎಷ್ಟು ಮಂದಿ ಬರ್ತಾರಂದ್ರ, ಅಂಗಡಿ ಬೋರ್ಡು ಅರ್ಧ ಮರಾಠ್ಯಾಗ ಅವ.

ನನ್ನ ಗೆಳತಿ ಮನಿ ಗುಡಿ ಸನ್ಯಾಕ. ಇಲ್ಲಿ ಮಧುಕರಿ ಅಂತ ಒಂದು ಪದ್ಧತಿ ಅದ. ಭಕ್ತರು ಎಷ್ಟೇ ದೊಡ್ಡವರಿದ್ರೂ ಮಧ್ಯಾಹ್ನ ಜೋಳಿಗಿ ಹಿಡ್ದು ಐದು ಮನಿಗಿ ಭಿಕ್ಷಾಕ್ಕ ಹೋಗ್ತಾರ. ನೌಕರಿ ಮಾಡೋವಾಗ ಆಕಿಗಿ ನೀಡ್ಲಾಕ ಟೈಮ್ ಸಿಗ್ತಿರಲಿಲ್ಲ, ಮುಂಜಾನಿ ಬಸ್ಸಿಗಿ ಓಡಬೇಕಿತ್ತು. ಈಗ ದಿನಾ ರೊಟ್ಟಿ ಬಡೀತಾಳ, ಬಾಗಲದಾಗ ಕುಂತು ನೀಡ್ತಾಳ. ಹೊಳ್ಳಿ ಅಡಗಿ ಮನಿಗಿ ಹೋಗೋವಾಗ ಮಾರಿ ಮ್ಯಾಲ ಎಂಥಾ ಸಮಾಧಾನ ಅದ ನೋಡ್ರಿ. ನಾನೂ ಆಕಿ ಬಾಜೂ ಕುಂತು ಒಂದೆರಡು ಜೋಳಿಗಿಗಿ ನೀಡಿದೆ.

ಆಕಿ ಮನಿ ಗ್ವಾಡಿ ಮ್ಯಾಲ ಈ ಗೆರಿ ನೋಡ್ರಿ, ನನ್ನ ಎದಿ ಮಟ್ಟಕ್ಕ ಅದ. 2020ರ ಅಕ್ಟೋಬರ್‌ನಾಗ ಭೀಮಾ ಒಳಗ ಬಂದು ನಿಂತ ಗುರುತು. ಮ್ಯಾಲ ಮಹಾರಾಷ್ಟ್ರದಾಗ ಉಜನಿ ಡ್ಯಾಮಿನ ನೀರು ಬಿಟ್ರ ಅದು ಸೊನ್ನ ಬ್ಯಾರೇಜಿಗಿ ಬಂದು ಇಲ್ಲಿಗಿ ಇಳೀತದ. ಆ ವರ್ಷ ಮಳಿನೂ ಹಂಗೇ ಹೊಡೀತು. ನೀರು ಇಳಿದ ಮ್ಯಾಲ ಗ್ವಾಡಿಗಿ ಸುಣ್ಣ ಬಳಿಸ್ಯಾಳ, ಈ ಒಂದು ಮೊಳ ಮಾತ್ರ ಬಿಟ್ಟಾಳ. ಮೊಮ್ಮಕ್ಕಳು ಪುಣೆದಿಂದ ಬಂದಾಗ ತೋರಿಸ್ಲಾಕಂತ. ಆಕಿ ಹಳೇ ರಿಜಿಸ್ಟರ್ ಪುಸ್ತಕ, ಹೆರಿಗಿ ಮಾಡ್ಸಿದ ಕೂಸುಗಳ ಹೆಸರು ಬರ್ಕೊಂಡಿದ್ದ ವಹಿ, ಎಲ್ಲಾ ಆ ನೀರಾಗ ಹೋದವು. ಹೆಸರು ಹೋದವು, ಆದ್ರ ಬಾಗಲ ಮುಂದ ಹಾಯ್ದು ಹೋಗೋ ಗಟ್ಟಿ ಗಂಡಸರನ್ನ ತೋರ್ಸಿ "ಇಂವ ಕಾಲು ಮುಂದಾಗಿ ಹುಟ್ಟಿದಾಂವ" ಅಂತ ಈಗೂ ಹೇಳ್ತಾಳ.

ಅಲ್ಲಿಂದ ಫಿರೋಜಾಬಾದ. ಬಹಮನಿ ಸುಲ್ತಾನ ಫಿರೋಜ್ ಶಾ ನದಿ ದಂಡಿ ಮ್ಯಾಲ ಕಟ್ಟಿದ ಅರಮನಿ ಊರು, ಈಗ ಬರೇ ಗ್ವಾಡಿ, ಕಮಾನು, ನಡುವ ತೊಗರಿ ಹೊಲ. ಇಲ್ಲಿ ನಮಗ ಯಾರೂ ಪರಿಚಯದವರಿಲ್ಲ. ಚಾ ಮಾಡ್ಕೊಂಡು ಕುಡುದು ಮುಂದ ಹೊಂಟೀವಿ.

ತೊಗರಿ ಅಂದ್ನೆಲ್ಲ, ಈ ಹಾದಿ ತುಂಬ ಅದೇ ನೋಡ್ರಿ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ. ಕೆಲವು ಹೊಲ ಕಟಾವಾಗ್ಯಾವ, ಕೆಲವು ಇನ್ನೂ ನಿಂತಾವ. ನಡುನಡುವ ಬಿಳಿಜೋಳ, ಕಡ್ಲಿ, ಕುಸಬಿ. ಚಳಿಗಾಲದಾಗ ಈ ರಸ್ತಾ ಹಿಡೀರಿ ಅಂತ ನಾ ಕೈ ಮುಗ್ದು ಹೇಳ್ತೀನಿ. ಬ್ಯಾಸಿಗ್ಯಾಗ ಬರಬ್ಯಾಡ್ರಿ, 40 ಡಿಗ್ರಿ ದಾಟಿದ ಬಿಸಿಲಾಗ ತಗಡಿನ ಗಾಡಿ ವಯಸ್ಸಾದವರಿಗಿ ಛಲೋ ಅಲ್ಲ.

ಶಹಾಬಾದ ದಾಟಿ ಸನ್ನತಿಗಿ ಬಂದ್ವಿ. ಚಿತ್ತಾಪುರ ತಾಲ್ಲೂಕು, ಚಂದ್ರಲಾಂಬಾ ದೇವಿ ಊರು. ಇಲ್ಲಿ ಇರೋದು ನಮ್ಮವರ ಗೆಳೆಯ. ಗುಡ್ಯಾಗ ಅವರು ನಮಗ ಹೇಳಿದ್ದನ್ನ ಹಂಗೇ ಹೇಳ್ತೀನಿ. 1986ರಾಗ ಈ ಗುಡಿ ಆವರಣದಾಗಿನ ಕಾಳಿ ಗುಡಿ ಮಾಳಗಿ ಕುಸೀತು, ಮೂರ್ತಿ ಒಡೀತು. ಕಸ ತೆಗೆದು ನೋಡಿದ್ರ, ಮೂರ್ತಿ ನಿಲ್ಸಿದ್ದ ಪೀಠದ ಕಲ್ಲಿನ ತುಂಬ ಅಕ್ಷರ. ಅಶೋಕನ ಶಾಸನ! ಅವನ ದೊಡ್ಡ ಬಂಡೆ ಶಾಸನಗಳ ಪೈಕಿ 12ನೇದು, 14ನೇದು, ಮತ್ತ ಎರಡು ಪ್ರತ್ಯೇಕ ಶಾಸನ, ಎಲ್ಲಾ ಪ್ರಾಕೃತ ಭಾಷಾದಾಗ, ಬ್ರಾಹ್ಮಿ ಲಿಪ್ಯಾಗ. ನಡುವ ಪೀಠಕ್ಕಂತ ತೂತು ಕೊರದಾರ. ಎಷ್ಟು ತಲಿಮಾರು ಅದೇ ಕಲ್ಲಿಗಿ ಕುಂಕುಮ ಹಚ್ಚಿ ಕೈ ಮುಗ್ದಾವೋ. ಆ 12ನೇ ಶಾಸನ ಹೇಳೋದು ಬ್ಯಾರೆಯವರ ಧರ್ಮಕ್ಕೂ ಮರ್ಯಾದಿ ಕೊಡ್ರಿ ಅಂತ. ದೇವಿ ಪಾದದ ಕೆಳಗ ಅದು ಇತ್ತು ಅಂತ ಕೇಳಿ ನನಗ ಮೈ ಜುಮ್ ಅಂತು.

ಬಾಜೂ ಊರು ಕನಗನಹಳ್ಳಿ. ಅಲ್ಲಿ 1990ರ ದಶಕದಾಗ ಪುರಾತತ್ವದವರು ಅಗದಾಗ ದೊಡ್ಡ ಸ್ತೂಪ ಸಿಕ್ತು. ಇವರ ಗೆಳೆಯ ಆಗ ವಯಸ್ಸಿನ ಹುಡುಗ, ಬುಟ್ಟಿ ಹೊರೋ ಕೂಲಿಗಿ ಹೋಗ್ತಿದ್ದರಂತ. ರಾಜ ರಾಣಿ ನಿಂತಿದ್ದ ಒಂದು ಫಲಕ, ಅದರ ಮ್ಯಾಲ "ರಾಯೋ ಅಸೋಕೋ" ಅಂತ ಬರ್ದದ. ಅಶೋಕನ ಚಿತ್ರಕ್ಕ ಅವನ ಹೆಸರೇ ಬರ್ದಿರೋ ಶಿಲ್ಪ ಅದು. "ಬ್ರಷ್ ತಗೊಂಡು ಮಣ್ಣು ಝಾಡ್ಸೋವಾಗ ನಮಗ ಯಾರಿಗೂ ಓದ್ಲಾಕ ಬರ್ತಿರಲಿಲ್ಲ, ಆದ್ರ ಸಾಹೇಬರ ಕೈ ನಡುಗ್ತಿತ್ತು, ಅದನ್ನ ನೋಡಿ ನಾವೂ ಸುಮ್ಮನ ನಿಂತ್ವಿ" ಅಂದ್ರು. ಕಲ್ಲು ನಮ್ಮ ಕಡಿ ಸುಣ್ಣದಕಲ್ಲೇ, ಆದ್ರ ಅದರ ಮ್ಯಾಲಿನ ಕೆತ್ತನಿ ನೋಡ್ರಿ, ಹೆಣ್ಮಕ್ಕಳ ಕಾಲಾಗಿನ ಕಡಗದ ಗೆರಿ ಸುದ್ದಾ ಎಣಿಸಬಹುದು.

ನಾವು ಹೋದಾಗ ಎಳ್ಳ ಅಮಾಸಿ. ಗಾಡಿ ಸೀದಾ ಅವರ ಹೊಲದ ಬದುವಿಗಿ ನಿಲ್ಸಿದ್ವಿ. ಸಜ್ಜಿ ಕಡಬು, ಜೋಳದ ಅಂಬ್ಲಿ, ಭಜ್ಜಿ. ದೂರದ ಊರವರಿಗಿ ಹೇಳ್ತೀನಿ, ಇದು ಎಣ್ಣ್ಯಾಗ ಕರಿಯೋ ಭಜಿ ಅಲ್ಲ. ಹಸಿ ತೊಗರಿಕಾಳು, ಅವರಿಕಾಳು, ಶೇಂಗಾ, ಮೆಂತೆ ಪಲ್ಯ, ಗಜ್ಜರಿ, ಹುಣಸಿ ರಸ, ಕಡ್ಲಿ ಹಿಟ್ಟು, ಸಿಕ್ಕಿದ್ದೆಲ್ಲಾ ಕೂಡ್ಸಿ ಕುದಿಸಿದ ಪಲ್ಯ. ಹೊಲಕ್ಕ ಚರಗಾ ಚೆಲ್ಲಿ, ಭೂಮಿತಾಯಿಗಿ ಮೊದಲು ಉಣಿಸಿ, ಆಮ್ಯಾಲ ನಾವು. ಆ ದಿನ ಹೊಲದಾಗ ನಮ್ಮ ಗಾಡಿಗಿ ಎಷ್ಟು ಮಂದಿ ಹತ್ತಿ ಇಳಿದರೋ. ಇವರ ಗೆಳೆಯನ ಹೆಂಡ್ತಿಗಿ ಸೊಂಟ ನೋವು, ಬಿಸಿಲಾಗ ಕೂಡ್ಲಾಕ ಆಗ್ತಿರಲಿಲ್ಲ. ಆಕಿಗಿ ನಮ್ಮ ಮಂಚದ ಮ್ಯಾಲ ಮಲಗ್ಸಿ, ಬಾಗಲಾ ತೆರೆದಿಟ್ವಿ. ಅಲ್ಲಿಂದಲೇ ಆಕಿ ಎಲ್ಲಾರಿಗೂ "ಅವರಿಗಿ ಕಡಬು ನೀಡ್ರಿ, ಇವರಿಗಿ ತುಪ್ಪ ಹಾಕ್ರಿ" ಅಂತ ಹೇಳಿ ಉಣಿಸಿದಳು. ಹೋದ ವರ್ಷ ಆಕಿ ಹೊಲಕ್ಕೇ ಬಂದಿರಲಿಲ್ಲಂತ.

ಅಲ್ಲಿ ಒಂದು ವಿಷಯ ನನಗ ಖರೇ ತಿಳೀತು. ಗಾಡಿ ನಮಗಂತ ಮಾಡ್ಸಿದ್ವಿ, ಆದ್ರ ಅದರಾಗ ಹೆಚ್ಚು ಕೂಡಬೇಕಾದವರು ಇವರು.

ಯಾದಗಿರಿಗಿ ಬಂದಾಗ ಸಂಕ್ರಾಂತಿ ಹತ್ರ ಬಂದಿತ್ತು. ಗುಡ್ಡದ ಮ್ಯಾಲ ಕೋಟಿ, ಕೆಳಗ ಊರು, ಆಚಿ ಕಡಿ ಭೀಮಾ. ನಾ ನೌಕರಿಗಿ ಸೇರಿದಾಗ ಇದು ಗುಲಬರ್ಗಾ ಜಿಲ್ಲಾದ ತಾಲ್ಲೂಕು, 2009ರ ಡಿಸೆಂಬರ್‌ನಾಗ ಬ್ಯಾರೆ ಜಿಲ್ಲಾ ಆಯ್ತು. ಇಲ್ಲಿ ನನ್ನ ಜೀವದ ಗೆಳತಿ ಇರ್ತಾಳ. ಗಂಡ ತೀರಿಕೊಂಡಾರ, ಮಗ ಹೈದರಾಬಾದಿನಾಗ. ಪಲ್ಸ್ ಪೋಲಿಯೋ ದಿನ ನಾವಿಬ್ಬರೂ ಜೋಡಿ. ತಾಂಡಾ, ಇಟ್ಟಂಗಿ ಭಟ್ಟಿ, ಗುಳೆ ಹೊಂಟವರ ಗಾಡಿ, ರೈಲ್ವೆ ಸ್ಟೇಷನ್, ಯಾವುದೂ ಬಿಡ್ತಿರಲಿಲ್ಲ. ಹೊಳಿ ಆಚಿ ಊರಿಗಿ ಹರಗೋಲಿನ್ಯಾಗ ಹೋಗಬೇಕಾದ್ರ ಲಸಿಕಿ ಡಬ್ಬಿ ಆಕಿ ತೊಡಿ ಮ್ಯಾಲ, ನೀರು ಹೊಕ್ಕೀತಂತ ಎರಡೂ ಕೈಲೆ ಅಪ್ಪಿ ಹಿಡಿಯಾಕಿ. 2014ರ ಮಾರ್ಚ್ 27ಕ್ಕ ಡಬ್ಲ್ಯೂಎಚ್ಒ ಭಾರತ ಇರೋ ಈ ಇಡೀ ಪ್ರದೇಶ ಪೋಲಿಯೋ ಮುಕ್ತ ಅಂದಾಗ ಆಕಿ ಫೋನ್ ಮಾಡಿ ಒಂದೂ ಮಾತಾಡದ ಅತ್ತಿದ್ದಳು. ನಾನೂ ಅತ್ತಿದ್ದೆ. ನಮ್ಮ ಹೆಸರು ಯಾವ ಪೇಪರ್‌ನಾಗೂ ಬರಲಿಲ್ಲ, ಬರಬೇಕಂತಲೂ ಇರಲಿಲ್ಲ. ಆದ್ರ ಇಲ್ಲಿ ಹೇಳಬೇಕು ಅನಸ್ತು, ನನ್ನ ಗೆಳತಿ ಆ ಕೆಲಸ ಮಾಡ್ಯಾಳ.

ಗಾಡ್ಯಾಗಿನ ನೀಲಿ ಡಬ್ಬಿ ನೋಡಿದ್ದೇ ತಡ, ಆಕಿ ಕೈ ತಾನಾಗೇ ಹೋಯ್ತು. ಮುಚ್ಚಳ ತೆಗೆದು ಒಂದು ಐಸ್ ಪ್ಯಾಕ್ ಕಿವಿಗಿ ಹಚ್ಚಿ ಅಲ್ಲಾಡ್ಸಿ, "ಆಗ್ಯದ" ಅಂದಳು. ಈ ತುಣುಕು ನಮ್ಮವರು ಫೋನಿನ್ಯಾಗ ಹಿಡದಾರ, ನಾ ಎಡಿಟ್ ಮಾಡೇ ಇಲ್ಲ, ಇದ್ದಂಗೇ ಹಾಕೀನಿ.

ಯಾದಗಿರಿ ಸನ್ಯಾಕ ಮೈಲಾಪುರ. ಸಂಕ್ರಾಂತಿಗಿ ಮೈಲಾರಲಿಂಗೇಶ್ವರನ ಜಾತ್ರಿ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದ ಮಂದಿ ಬರ್ತಾರ. ನನ್ನ ಗೆಳತಿ ಎಷ್ಟೋ ವರ್ಷ ಈ ಜಾತ್ರ್ಯಾಗ ಆರೋಗ್ಯ ಇಲಾಖೆ ಟೆಂಟಿನ್ಯಾಗ ಡ್ಯೂಟಿ ಮಾಡ್ಯಾಳ. ಕಾಲು ಕೊಯ್ಕೊಂಡವರು, ವಾಂತಿ ಭೇದಿ, ತಪ್ಪಿಸಿಕೊಂಡ ಕೂಸುಗಳು. ದೇವರ ಪಲ್ಲಕ್ಕಿ ಹೊನ್ನಕೆರಿಗಿ ಹೋಗೋದನ್ನ ಟೆಂಟಿನ ಸಂದ್ಯಾಗಿಂದ ನೋಡ್ಯಾಳ, ಅಷ್ಟೇ. ಈ ಸಲ ಆಕಿ ಹಸರು ಇಲಕಲ್ ಸೀರಿ ಉಟ್ಟು ಗಾಡಿ ಹತ್ತಿದಳು. ದೂರದಾಗ ಗಾಡಿ ನಿಲ್ಸಿ, ಸಾವಕಾಶ ನಡ್ಕೋತ ಹೋದ್ವಿ. ಭಂಡಾರ, ಅಂದ್ರ ಅರಿಶಿಣ ಪುಡಿ, ಎಷ್ಟು ಹಾರಸ್ತಾರಂದ್ರ ಗಾಳಿನೇ ಹಳದಿ. ಜಾತ್ರ್ಯಾಗ ಕಬ್ಬಿಣದ ಸರಪಳಿ ಹರಿಯೋ ಪದ್ಧತಿ ಅದ, ಆ ಹೊತ್ತಿಗಿ ಮಂದಿ "ಏಳು ಕೋಟಿ" ಅಂತ ಕೂಗ್ದಾಗ ಆಕಿನೂ ಕೈ ಎತ್ತಿ ಕೂಗಿದಳು. ಅಷ್ಟು ದೊಡ್ಡ ದನಿ ಆಕಿಗಿ ಅದ ಅಂತ ನನಗ ಇಷ್ಟು ವರ್ಷ ಗೊತ್ತಿರಲಿಲ್ಲ.

ಹೊಳ್ಳಿ ಬಂದು ಆಕಿನ್ನ ಮನಿಗಿ ಇಳಿಸೋದಂತ ಇತ್ತು. ಮನಿ ಕೀಲಿ ತೆಗೆದು ಒಳಗ ಹೋದಾಕಿ ಒಂದು ಚೀಲ, ಬಿಪಿ ಗುಳಗಿ, ಚಾದರ ತಗೊಂಡು ಹೊರಗ ಬಂದಳು. ಸುರಪುರದಾಗ ನಮ್ಮ ಜೋಡಿ ಟ್ರೇನಿಂಗ್ ಮಾಡಿದ ಇನ್ನೊಬ್ಬ ಗೆಳತಿ ಇದ್ದಾಳ, ಅಲ್ಲಿಗಿ ನಡೀರಿ ಅಂದಳು. ಈಗ ಭೀಮಾ ಸೇತುವಿ ದಾಟಿ ಶಹಾಪುರ ಹಾದಿ ಹಿಡದೀವಿ. ಎಡಕ್ಕ ಬಲಕ್ಕ ಕಲ್ಲಿನ ಗುಡ್ಡ, ಇನ್ನೊಂದು ಸ್ವಲ್ಪ ದೂರಕ್ಕ ಮಲಗಿದ ಬುದ್ಧನಂಗ ಕಾಣೋ ಗುಡ್ಡ ಬರ್ತದ, ಕ್ಯಾಮೆರಾ ತಯಾರ ಇಟ್ಟೀನಿ. ಹಿಂದಿನ ಸೀಟಿನ್ಯಾಗ ಆಕಿ ಸುರಪುರಕ್ಕ ಫೋನ್ ಹಚ್ಚ್ಯಾಳ, ಸ್ಪೀಕರ್ ಮ್ಯಾಲ ಅದ, ನೀವೂ ಕೇಳ್ರಿ: "ಏ, ಏಣಿ ಹತ್ತಬ್ಯಾಡ, ಗಾದಿ ಇಳಿಸಬ್ಯಾಡ. ಬರೇ ಬಾಗಲಾ ತೆರೆದಿಡು, ನಾವು ಮೂರು ಮಂದಿ ಬರ್ಲತ್ತೀವಿ."