ನಡುಗಡಲಿನಲ್ಲಿ ಹಡಗಿನ ಯಂತ್ರ ಕೆಟ್ಟರೆ

ಶ್ರೋತೃಗಳಿಗೆ ನಮಸ್ಕಾರ.

ಮಳೆಗಾಲ ಕಳೆದು ಅರಬ್ಬೀ ಸಮುದ್ರ ತಣ್ಣಗಾಗುತ್ತಿದ್ದಂತೆ ಮುಂಬಯಿ, ಕೊಚ್ಚಿಗಳಿಂದ ವಿಹಾರ ನೌಕೆಗಳ ಓಡಾಟ ಬಿರುಸಾಗುತ್ತದೆ. ವಿದೇಶದ ದೊಡ್ಡ ಕ್ರೂಸ್ ಹಡಗುಗಳೂ ಆ ತಿಂಗಳುಗಳಲ್ಲಿ ನವಮಂಗಳೂರು ಬಂದರಿಗೆ ಬಂದು ಹೋಗುತ್ತವೆ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಇಂತಹ ಪ್ರಯಾಣಕ್ಕೆ ಹೊರಡುವವರು ಈಗ ಅಪರೂಪವೇನಲ್ಲ. ಗಲ್ಫಿನಲ್ಲಿರುವ ಮಗ ಅಪ್ಪ ಅಮ್ಮನಿಗೆಂದು ಟಿಕೆಟು ಮಾಡಿಸುತ್ತಾನೆ. ನಿವೃತ್ತ ಅಧ್ಯಾಪಕರ ತಂಡವೊಂದು ಲಕ್ಷದ್ವೀಪ ನೋಡಿ ಬರೋಣವೆಂದು ನಿಶ್ಚಯಿಸುತ್ತದೆ. ಟಿಕೆಟು ಕೈಗೆ ಬಂದ ಬಳಿಕ ಅಂಜಿಕೆ ಶುರುವಾಗುತ್ತದೆ. ಎಲ್ಲೋ ಒಂದು ಹಡಗಿನಲ್ಲಿ ದೀಪವಾರಿ ಜನ ಲೈಫ್ ಜಾಕೆಟ್ ತೊಟ್ಟು ಕುಳಿತಿರುವ ವಿಡಿಯೋ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು ಬಂದವನೆಂಬ ಕಾರಣಕ್ಕೆ "ನಡುಗಡಲಿನಲ್ಲಿ ಇಂಜಿನ್ ನಿಂತರೆ ಮಾಡುವುದೇನು ಮಾರಾಯ್ರೆ?" ಎಂದು ನನ್ನನ್ನು ಕೇಳುವವರಿದ್ದಾರೆ. ನಾನು ದುಡಿದದ್ದು ಸರಕು ಹಡಗುಗಳಲ್ಲಿ. ಆದರೆ ಜನರೇಟರು, ಪಂಪು, ಎಣ್ಣೆ, ಬೆಂಕಿ ಇವುಗಳ ಸ್ವಭಾವ ಎರಡರಲ್ಲೂ ಒಂದೇ.

ಕೆಡದ ಯಂತ್ರವಿಲ್ಲ. ಹಗಲಿರುಳು ಓಡುವ ಹಡಗಿನಲ್ಲಿ ಯಾವುದಾದರೊಂದು ಪಂಪು, ಒಂದು ವಾಲ್ವು, ಒಂದು ಬೇರಿಂಗು ದುರಸ್ತಿಯಲ್ಲಿ ಇಲ್ಲದ ದಿನವೇ ಇರುವುದಿಲ್ಲ ಎಂದರೂ ತಪ್ಪಾಗದು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವ ಕೃಷಿಕನು ಪಂಪು ಕೆಡಬಾರದು ಎಂದು ಹರಕೆ ಹೊತ್ತು ಸುಮ್ಮನಿರುವುದಿಲ್ಲ, ಕೆಟ್ಟರೆ ಹೂಡುವುದಕ್ಕೆ ಇನ್ನೊಂದು ಪಂಪು ಇದೆಯೇ ಎಂದು ನೋಡಿಕೊಳ್ಳುತ್ತಾನೆ. ಹಡಗನ್ನು ಹತ್ತುವವರೂ ಕೇಳಬೇಕಾದ ಪ್ರಶ್ನೆ ಅದೇ: ಒಂದು ಕೆಟ್ಟಾಗ ಉಳಿಯುವುದು ಏನು, ಮತ್ತು ಆ ಹೊತ್ತಿಗೆ ಹಡಗು ಇರುವುದು ಎಲ್ಲಿ?

ಇಂದಿನ ಹೆಚ್ಚಿನ ವಿಹಾರ ನೌಕೆಗಳಲ್ಲಿ ಇಂಜಿನು ನೇರವಾಗಿ ಪ್ರೊಪೆಲ್ಲರನ್ನು ತಿರುಗಿಸುವುದಿಲ್ಲ. ನಾಲ್ಕೋ ಆರೋ ಡೀಸೆಲ್ ಜನರೇಟರುಗಳು ವಿದ್ಯುತ್ತನ್ನು ಉತ್ಪಾದಿಸುತ್ತವೆ. ಆ ವಿದ್ಯುತ್ತಿನಿಂದಲೇ ಪ್ರೊಪೆಲ್ಲರಿನ ಮೋಟಾರು, ಅಡುಗೆಮನೆಯ ಒಲೆ, ಏಸಿ, ಲಿಫ್ಟು, ನೀರಿನ ಪಂಪು ಎಲ್ಲವೂ ನಡೆಯುತ್ತವೆ. ಒಂದು ಜನರೇಟರು ನಿಂತರೆ ಉಳಿದವು ಹೊರೆ ಹೊರುತ್ತವೆ, ಪ್ರಯಾಣಿಕರಿಗೆ ಅದರ ಸುಳಿವೂ ಸಿಗುವುದಿಲ್ಲ. ತೊಂದರೆ ಹುಟ್ಟುವುದು ಎಲ್ಲವೂ ಒಟ್ಟಿಗೆ ನಿಂತಾಗ. ಅದನ್ನು ಹಡಗಿನವರು ಬ್ಲ್ಯಾಕ್‌ಔಟ್ ಎನ್ನುತ್ತಾರೆ. ಇಂಜಿನ್ ರೂಮಿನಲ್ಲಿ ಇದ್ದವನಿಗೆ ಮೊದಲು ತಿಳಿಯುವುದು ಕಣ್ಣಿಗಲ್ಲ, ಕಿವಿಗೆ: ವರ್ಷಗಟ್ಟಲೆ ಒಗ್ಗಿಹೋಗಿದ್ದ ಸದ್ದು ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ, ಫ್ಯಾನುಗಳು ತೂಗಿ ನಿಲ್ಲುತ್ತವೆ, ಅಲಾರಂ ಮಾತ್ರ ಉಳಿಯುತ್ತದೆ.

ಆ ಕತ್ತಲೆಗೂ ಕಾನೂನಿನಲ್ಲಿ ಲೆಕ್ಕವಿದೆ. ಟೈಟಾನಿಕ್ ಮುಳುಗಿದ ಎರಡು ವರ್ಷಗಳಲ್ಲಿ, 1914ರಲ್ಲಿ, ರೂಪುಗೊಂಡು ಈಗ 1974ರ ರೂಪದಲ್ಲಿ ಜಾರಿಯಲ್ಲಿರುವ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಪ್ರಯಾಣಿಕರ ಹಡಗಿನ ತುರ್ತು ಜನರೇಟರು 45 ಸೆಕೆಂಡುಗಳ ಒಳಗೆ ತಾನಾಗಿ ಚಾಲೂ ಆಗಿ ವಿದ್ಯುತ್ ಕೊಡಬೇಕು, 36 ಗಂಟೆ ಓಡುವ ಸಾಮರ್ಥ್ಯ ಅದಕ್ಕಿರಬೇಕು. ಇಂಜಿನ್ ರೂಮಿಗೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ಅದು ಉಳಿಯಲೆಂದು ಅದನ್ನು ಮೇಲಿನ ಡೆಕ್ಕಿನಲ್ಲಿ ಬೇರೆಯೇ ಕೋಣೆಯಲ್ಲಿ ಇಡುತ್ತಾರೆ. ಆದರೆ ಅದು ಹೊರುವುದು ತುರ್ತು ದೀಪ, ರೇಡಿಯೋ, ಬೆಂಕಿ ನಂದಿಸುವ ಪಂಪು, ಅಲಾರಂ ಇಂತಹ ಅಗತ್ಯಗಳ ಹೊರೆಯನ್ನು ಮಾತ್ರ. ಏಸಿ ಇಲ್ಲ, ಬಿಸಿ ಊಟ ಇಲ್ಲ. ಹಡಗಿನ ಶೌಚಾಲಯಗಳು ಗಾಳಿಯನ್ನು ಹೀರುವ ಯಂತ್ರದ ಬಲದಿಂದ ಕೆಲಸ ಮಾಡುವುದರಿಂದ ಅವೂ ನಿಲ್ಲುತ್ತವೆ.

2013ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಎಂಬ ಹಡಗಿಗೆ ಆದದ್ದು ಇದೇ. ಒಂದು ಜನರೇಟರಿನ ಇಂಧನದ ಬಳುಕುವ ಹೋಸು ಸೋರಿ, ಎಣ್ಣೆ ಬಿಸಿ ಭಾಗಕ್ಕೆ ತಗುಲಿ ಬೆಂಕಿ ಹೊತ್ತಿಕೊಂಡಿತು. ಬೆಂಕಿ ನಂದಿತು, ಯಾರೂ ಸಾಯಲಿಲ್ಲ. ಆದರೆ ವಿದ್ಯುತ್ತು ಮರಳಿ ಬರಲಿಲ್ಲ. 4,000ಕ್ಕೂ ಹೆಚ್ಚು ಜನ ನಾಲ್ಕು ದಿನ ದುರ್ನಾತದ ಕಾರಿಡಾರುಗಳಲ್ಲಿ, ಡೆಕ್ಕಿನ ಮೇಲೆ ಹಾಸಿದ ಹಾಸಿಗೆಗಳಲ್ಲಿ ಕಳೆದು, ಟಗ್ ದೋಣಿಗಳು ಹಡಗನ್ನು ಅಮೆರಿಕದ ಮೊಬೈಲ್ ಎಂಬ ಬಂದರಿಗೆ ಎಳೆದು ತಂದ ಮೇಲೆ ನೆಲ ಕಂಡರು. ಪತ್ರಿಕೆಗಳು ಇದನ್ನು ನಗೆಪಾಟಲು ಮಾಡಿದವು. ಆ ನಾಲ್ಕೂ ದಿನ ಹೊಲಸು ಬಳಿದ ಸಿಬ್ಬಂದಿಯ ಬಗ್ಗೆ ಬರೆದವರು ಕಡಿಮೆ. ಅವರಲ್ಲಿ ನಮ್ಮ ದೇಶದವರೂ ಇಲ್ಲದಿರಲಿಕ್ಕಿಲ್ಲ.

ಟ್ರಯಂಫ್ 1990ರ ದಶಕದ ಹಡಗು. ಅನಂತರ ನಿಯಮ ಬದಲಾಗಿದೆ. 2010ರ ಜುಲೈ 1 ಅಥವಾ ಆ ಬಳಿಕ ಕೀಲು, ಎಂದರೆ ತಳದ ಬೆನ್ನೆಲುಬು, ಹಾಕಿದ, 120 ಮೀಟರ್ ಅಥವಾ ಅದಕ್ಕಿಂತ ಉದ್ದದ ಪ್ರಯಾಣಿಕರ ಹಡಗುಗಳು, ಒಂದು ಕೋಣೆಗೆ ಬೆಂಕಿಯೋ ನೀರೋ ನುಗ್ಗಿದರೂ ಸ್ವಂತ ಬಲದಿಂದ ಬಂದರಿಗೆ ಮರಳುವಂತೆ ಇರಬೇಕು. ಪ್ರಯಾಣಿಕರು ಸೇರುವ ಸುರಕ್ಷಿತ ಜಾಗದಲ್ಲಿ ಬೆಳಕು, ಗಾಳಿ, ಕುಡಿಯುವ ನೀರು, ಶೌಚಾಲಯ, ಔಷಧೋಪಚಾರ ಇರಬೇಕು. ಇದಕ್ಕಾಗಿ ಜನರೇಟರುಗಳನ್ನು ಎರಡು ಬೇರೆ ಬೇರೆ ಇಂಜಿನ್ ರೂಮುಗಳಲ್ಲಿ ಹಂಚಿ ಇಡುತ್ತಾರೆ. ಟಿಕೆಟು ಕೊಳ್ಳುವ ಮೊದಲು ಹಡಗು ಯಾವ ವರ್ಷದ್ದೆಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋಚುವುದಿಲ್ಲ. ಹಳೆಯ ಹಡಗು ಎಂದ ಮಾತ್ರಕ್ಕೆ ಅಪಾಯವೆಂದು ಅರ್ಥವಲ್ಲ. ಅದಕ್ಕೂ ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಬೇಕು, ಹಡಗು ತಪಾಸಣೆಯ ಸರ್ವೇಯರ್ ಬಂದು ನೋಡಲೇಬೇಕು. ಕೆಟ್ಟಾಗ ಪಡಬೇಕಾದ ಪಾಡು ಮಾತ್ರ ಹೆಚ್ಚು.

ಹೊಸ ಹಡಗಾದರೆ ನಿಶ್ಚಿಂತೆ ಎನ್ನುವವರಿಗೆ ನಾರ್ವೆಯ ವೈಕಿಂಗ್ ಸ್ಕೈ ಹಡಗಿನ ಪ್ರಸಂಗವನ್ನು ಹೇಳಬೇಕಾಗುತ್ತದೆ. 2017ರಲ್ಲಿ ನಿರ್ಮಾಣಗೊಂಡ ಆ ಹಡಗು 2019ರ ಮಾರ್ಚ್ 23ರಂದು 1,373 ಜನರನ್ನು ಹೊತ್ತು, ಬಂಡೆಗಳಿಂದ ತುಂಬಿದ ಹುಸ್ತಾದ್ವಿಕಾ ಎಂಬ ಕರಾವಳಿಯ ಬಳಿ ಬಿರುಗಾಳಿಯಲ್ಲಿ ಸಾಗುತ್ತಿತ್ತು. ನಾಲ್ಕು ಜನರೇಟರುಗಳಲ್ಲಿ ಒಂದು, ಇಂಜಿನಿಗೆ ಗಾಳಿ ತುಂಬುವ ಟರ್ಬೋಚಾರ್ಜರ್ ಕೆಟ್ಟು, ಮೊದಲೇ ಮೂಲೆ ಸೇರಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಉಳಿದ ಮೂರೂ ಒಂದರ ಹಿಂದೊಂದರಂತೆ ನಿಂತುಹೋದವು. ತನಿಖೆಯಲ್ಲಿ ಹೊರಬಿದ್ದ ಕಾರಣ ಬಹಳ ಸಣ್ಣದು: ಇಂಜಿನುಗಳ ಕೆಳಗಿನ ತೊಟ್ಟಿಗಳಲ್ಲಿ ಲೂಬ್ರಿಕೇಟಿಂಗ್ ಆಯಿಲ್ ಇರಬೇಕಾದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಹಡಗು ಹೊಯ್ದಾಡಿದಾಗ ಇದ್ದಷ್ಟು ಎಣ್ಣೆಯೂ ಒಂದು ಬದಿಗೆ ಸರಿದು ಪಂಪು ಗಾಳಿಯನ್ನು ಹೀರಿತು. ಎಣ್ಣೆಯ ಒತ್ತಡ ಕುಸಿಯಿತು. ಒತ್ತಡ ಕುಸಿದರೆ ಇಂಜಿನು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ. ಪಂಪು ಮೂರಿದ್ದೂ ಬಾವಿಯೇ ಬತ್ತಿದಂತಾಯಿತು. ಲಂಗರು ಹಾಕಿದರೂ ಹಿಡಿಯಲಿಲ್ಲ. ಒಂದು ಪ್ರೊಪೆಲ್ಲರು ಮರಳಿ ತಿರುಗುವಷ್ಟರಲ್ಲಿ ಹಡಗು ತನ್ನದೇ ಒಂದು ಉದ್ದದಷ್ಟು ದೂರದಲ್ಲಿ ಬಂಡೆಗಳಿಂದ ತಪ್ಪಿಸಿಕೊಂಡಿತು. ಹೆಲಿಕಾಪ್ಟರುಗಳು 479 ಜನರನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತಿದವು. ಉಳಿದವರೊಡನೆ ಹಡಗು ಮರುದಿನ ಮೋಲ್ಡೆ ಬಂದರು ಸೇರಿತು. ಜನರೇಟರೊಂದು ಇಲ್ಲದೆ ಆ ಹವೆಯಲ್ಲಿ ಹಡಗು ಹೊರಡಲೇಬಾರದಿತ್ತು ಎಂದು ನಾರ್ವೆಯ ತನಿಖಾ ಸಂಸ್ಥೆ 2024ರ ವರದಿಯಲ್ಲಿ ನೇರವಾಗಿಯೇ ಹೇಳಿದೆ.

ಅದೇ ಮೂರು ಜನರೇಟರು ನಡುಗಡಲಿನಲ್ಲಿ, ಗಾಳಿ ಇಲ್ಲದ ದಿನ ನಿಂತಿದ್ದರೆ ಸುದ್ದಿಯೂ ಆಗುತ್ತಿರಲಿಲ್ಲ. ಕ್ವೀನ್ ಮೇರಿ 2 ಹಡಗಿನಲ್ಲಿ 2010ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾ ಸಮೀಪಿಸುತ್ತಿದ್ದಾಗ ವಿದ್ಯುತ್ ಉಪಕರಣವೊಂದು ಸಿಡಿದು ಇಡೀ ಹಡಗು ಕತ್ತಲಾಯಿತು. ಸುತ್ತಲೂ ತೆರೆದ ಸಮುದ್ರವಿತ್ತು. ಸುಮಾರು ಒಂದು ಗಂಟೆಯಲ್ಲಿ ಹಡಗು ಮತ್ತೆ ಹೊರಟಿತು. ದಡದಿಂದ ದೂರವಿದ್ದರೆ ಭಯ, ಹತ್ತಿರವಿದ್ದರೆ ಧೈರ್ಯ ಎಂಬುದು ನೆಲದವರ ಲೆಕ್ಕ. ಇಂಜಿನು ನಿಂತ ಹಡಗಿಗೆ ದಡವೇ ಅಪಾಯ.

ನಮ್ಮ ಮಗ್ಗುಲಿನಲ್ಲೇ ಆದದ್ದೂ ಇದೆ. ಲಕ್ಷದ್ವೀಪಕ್ಕೆ ಓಡುವ ಎಂ.ವಿ. ಕವರತ್ತಿ ಹಡಗಿನ ಇಂಜಿನ್ ರೂಮಿನಲ್ಲಿ 2021ರ ಡಿಸೆಂಬರ್ 1ರಂದು ಬೆಂಕಿ ಕಾಣಿಸಿಕೊಂಡಿತು. ಹಡಗಿನಲ್ಲಿ ನೂರಾರು ಪ್ರಯಾಣಿಕರಿದ್ದರು. ಸಿಬ್ಬಂದಿ ಬೆಂಕಿಯನ್ನು ನಂದಿಸಿದರು, ಕರಾವಳಿ ರಕ್ಷಣಾ ಪಡೆ ನೆರವಿಗೆ ಬಂತು, ಪ್ರಯಾಣಿಕರೆಲ್ಲ ಸುರಕ್ಷಿತವಾಗಿ ಪಾರಾದರು.

ಇಷ್ಟು ದೊಡ್ಡದೇನೂ ಅಲ್ಲದ, ಆದರೆ ಪ್ರಯಾಣಿಕರನ್ನು ಹೆಚ್ಚಾಗಿ ಕಾಡುವ ತೊಂದರೆ ಇನ್ನೊಂದಿದೆ. "ತಾಂತ್ರಿಕ ಕಾರಣದಿಂದ ನಾಳಿನ ಬಂದರನ್ನು ಕೈಬಿಡಲಾಗಿದೆ" ಎಂದು ಧ್ವನಿವರ್ಧಕದಲ್ಲಿ ಕೇಳಿದ ಕೂಡಲೇ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಹುಟ್ಟುತ್ತದೆ. ಬಹುಪಾಲು ಇದು ಪಾಡ್‌ಗಳ ಕತೆ. 1990ರ ದಶಕದ ಕೊನೆಯಿಂದ ವಿಹಾರ ನೌಕೆಗಳಲ್ಲಿ ಮೋಟಾರನ್ನು ಹಡಗಿನ ತಳದ ಹೊರಗೆ ಒಂದು ದೊಡ್ಡ ಬುರುಡೆಯಲ್ಲಿ ಕೂಡಿಸಿ, ಬುರುಡೆಯನ್ನೇ ಸುತ್ತಲೂ ತಿರುಗಿಸುವ ಏರ್ಪಾಡು ಬಂದಿದೆ. ಆ ಬುರುಡೆಯೇ ಪಾಡ್. ಚುಕ್ಕಾಣಿಯೇ ಬೇಡ, ಇಕ್ಕಟ್ಟಿನ ಬಂದರಿನಲ್ಲಿ ಹಡಗು ನಿಂತಲ್ಲೇ ತಿರುಗುತ್ತದೆ. ಆದರೆ ಅದರ ಬೇರಿಂಗು ಸವೆದರೆ ಹೆಚ್ಚಿನ ಹಡಗುಗಳಲ್ಲಿ, ನೀರನ್ನು ಹೊರಹಾಕಿ ಹಡಗಿನ ತಳವನ್ನು ದುರಸ್ತಿ ಮಾಡುವ ಡ್ರೈ ಡಾಕ್‌ಗೆ ಹೋಗದೆ ಗತಿಯಿಲ್ಲ. ಅಷ್ಟು ದೊಡ್ಡ ಹಡಗು ಹಿಡಿಯುವ ಡಾಕುಗಳು ಜಗತ್ತಿನಲ್ಲೇ ಕಡಿಮೆ. ಕೊಚ್ಚಿಯ ಶಿಪ್‌ಯಾರ್ಡಿನಲ್ಲಿ 310 ಮೀಟರ್ ಉದ್ದದ ಡಾಕು ಉದ್ಘಾಟನೆಯಾದದ್ದು 2024ರ ಜನವರಿಯಲ್ಲಷ್ಟೇ. ಹಾಗಾಗಿ ಸರದಿ ಬರುವ ತನಕ ಆ ಪಾಡ್‌ಗೆ ಹೊರೆ ಕಡಿಮೆ ಮಾಡಿ, ವೇಗ ತಗ್ಗಿಸಿ, ಒಂದೆರಡು ಬಂದರು ಬಿಟ್ಟು ಓಡಿಸುತ್ತಾರೆ. ಪ್ರಾಣಕ್ಕೆ ಇದರಿಂದ ಅಪಾಯವಿಲ್ಲ, ನಷ್ಟವಾಗುವುದು ಪ್ರಯಾಣಿಕರ ಹಣ ಮತ್ತು ಸಮಯ. ಕಂಪನಿಯವರು ಇದನ್ನು ಟಿಕೆಟು ಮಾರುವಾಗಲೇ ಹೇಳದೆ ಹಡಗು ಹೊರಟ ಮೇಲೆ ಹೇಳಿದರೆ ಕೋಪ ಬರುವುದು ನ್ಯಾಯವೇ.

ಇನ್ನು ಕೆಲವು ಅಂಜಿಕೆಗಳಿಗೆ ಕಾರಣವೇ ಇಲ್ಲ. ಬೆಳಗಿನ ಜಾವ ಹಾಸಿಗೆ ನಡುಗಿದರೆ ಹಡಗು ಬಂದರಿಗೆ ತಾಗುತ್ತಿದೆ, ಹಡಗನ್ನು ಪಕ್ಕಕ್ಕೆ ತಳ್ಳುವ ಮುಂಭಾಗದ ಥ್ರಸ್ಟರುಗಳು ಓಡುತ್ತಿವೆ ಎಂದು ತಿಳಿಯಬೇಕು. ಹಿಂಭಾಗದ ಕ್ಯಾಬಿನುಗಳಲ್ಲಿ ಅದುರಾಟ ಯಾವಾಗಲೂ ತುಸು ಹೆಚ್ಚೇ.

ಹಡಗು ಹತ್ತಿದ ಮೇಲೆ ಪ್ರಯಾಣಿಕರ ಕೈಯಲ್ಲಿ ಇರುವುದು ಕೆಲವೇ ಸಂಗತಿಗಳು. ಮೊದಲನೆಯದು ಮಸ್ಟರ್ ಡ್ರಿಲ್, ಎಂದರೆ ಅಪಾಯದ ಹೊತ್ತಿಗೆ ಸೇರಬೇಕಾದ ಜಾಗಕ್ಕೆ (ಮಸ್ಟರ್ ಸ್ಟೇಷನ್) ಹೋಗುವ ಅಭ್ಯಾಸ. 2012ರ ಜನವರಿ 13ರಂದು ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅದು ಯಂತ್ರದ ದೋಷವಲ್ಲ, ಮನುಷ್ಯನ ದೋಷ. ಆದರೆ ಅಂದು ಹಡಗು ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ನಡೆಯಲೇಬೇಕು. ಏಳು ಚಿಕ್ಕ ಸದ್ದು, ಒಂದು ದೀರ್ಘ ಸದ್ದು ಕೇಳಿದರೆ ಎಲ್ಲಿಗೆ ಹೋಗಬೇಕೆಂಬುದನ್ನು ಅಂದು ಕಾಲಿನಿಂದ ನಡೆದೇ ಕಲಿಯಬೇಕು, ಪರದೆಯ ಮೇಲೆ ನೋಡಿ ಅಲ್ಲ. ಬ್ಲ್ಯಾಕ್‌ಔಟ್ ಆದಾಗ ಲಿಫ್ಟನ್ನು ನಂಬುವಂತಿಲ್ಲವಾದ್ದರಿಂದ, ಮೊಣಕಾಲು ನೋವಿರುವ ಹಿರಿಯರಿಗೆ ಮೇಲಿನ ಡೆಕ್ಕಿನ ಚಂದದ ಕ್ಯಾಬಿನಿಗಿಂತ ಮಸ್ಟರ್ ಸ್ಟೇಷನ್‌ಗೆ ಹತ್ತಿರದ, ಮೆಟ್ಟಿಲ ಪಕ್ಕದ ಕ್ಯಾಬಿನು ಲೇಸು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನಿನಲ್ಲಿ ದೀಪವಾರಿದರೆ ಕೈ ಕಾಣದಷ್ಟು ಕತ್ತಲೆ. ತಲೆದಿಂಬಿನ ಬಳಿ ಒಂದು ಸಣ್ಣ ಟಾರ್ಚು ಇರಲಿ. ಬೀಪಿ, ಶುಗರಿನ ಮಾತ್ರೆಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ, ಅದೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಕ್ಯಾಬಿನಿನ ಫ್ರಿಜ್ಜನ್ನು ನೆಚ್ಚದೆ ತಣ್ಣಗಿಡುವ ಚೀಲವನ್ನು ಜೊತೆಗೆ ಒಯ್ಯಬೇಕು.

ಹಣದ ವಿಚಾರದಲ್ಲಿ, ಟ್ರಯಂಫ್ ಪ್ರಕರಣದ ಬಳಿಕ 2013ರಲ್ಲಿ ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘವು ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಒಪ್ಪಿಕೊಂಡಿತು. ಯಂತ್ರದ ದೋಷದಿಂದ ಪ್ರಯಾಣ ರದ್ದಾದರೆ ಪೂರ್ಣ ಹಣ, ನಡುವೆ ನಿಂತರೆ ಭಾಗಶಃ ಹಣ ಮರಳಿಸಬೇಕು. ಏನಾಗಿದೆ ಎಂಬುದನ್ನು ಕಾಲಕಾಲಕ್ಕೆ ತಿಳಿಸಬೇಕು. ಸಂಘದ ಸದಸ್ಯರಲ್ಲದ ಕಂಪನಿಗಳಿಗೆ ಇದು ಅನ್ವಯಿಸದು. ಬಂದರು ಕೈಬಿಟ್ಟರೆ ಪರಿಹಾರ ಕೊಡುವುದಿಲ್ಲವೆಂಬ ಮಾತು ಎಷ್ಟೋ ಟಿಕೆಟುಗಳ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ವ್ಯಾಜ್ಯ ಹೂಡುವುದಾದರೆ ಇಂಥ ಊರಿನಲ್ಲೇ ಎಂದು ಕೆಲವು ವಿದೇಶಿ ಕಂಪನಿಗಳು ಮೊದಲೇ ಬರೆದಿಟ್ಟಿರುತ್ತವೆ. ಓದಿ ಸಹಿ ಹಾಕಬೇಕು, ಪ್ರವಾಸ ವಿಮೆಯಲ್ಲಿ ಯಂತ್ರದೋಷ ಸೇರಿದೆಯೇ ಎಂದು ಕೇಳಿ ಲಿಖಿತವಾಗಿ ಪಡೆಯಬೇಕು. ನಮ್ಮ ದೇಶದ ಕಂಪನಿಯಿಂದ ಕೊಂಡ ಟಿಕೆಟಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮವರು ಅದಕ್ಕಾಗಿ ಮುಂಬಯಿಗೆ ಅಲೆಯಬೇಕಿಲ್ಲ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಎರಡು ವರ್ಷಗಳ ಒಳಗೆ ಕೊಡಬೇಕು. ಅಷ್ಟರವರೆಗೆ ಟಿಕೆಟು, ಹಡಗಿನಲ್ಲಿ ಹಂಚಿದ ಸೂಚನಾಪತ್ರ, ಕಂಪನಿಯವರ ಇಮೇಲು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಡಬೇಕು.

ನಮಸ್ಕಾರ.