ಬೀಗದ ಕೈ ಕಳೆದಿರಲಿಲ್ಲ: ನನ್ನ ಮೊದಲ ಜಿಯೋಕ್ಯಾಶ್

ಭಾನುವಾರ ಬೆಳಿಗ್ಗೆ ಆರೂವರೆ. ಬಸವನಗುಡಿ ಕಡೆಯ ಒಂದು ಪಾರ್ಕ್. ಈ ವಿಡಿಯೋದಲ್ಲಿ ಕಲ್ಲು ಬೆಂಚಿನ ಕೆಳಗೆ ಬಗ್ಗಿ ಕೈ ಹಾಕುತ್ತಿದ್ದಾಳಲ್ಲ, ಅದು ನಾನು. ಪಕ್ಕದಲ್ಲಿ ಬನ್ ತಿನ್ನುತ್ತಾ ನಿಂತಿರುವವಳು ಅಕ್ಕನ ಮಗಳು, ಪುಟ್ಟಿ. ನಾಲ್ಕನೇ ಕ್ಲಾಸು. "ಚಿಕ್ಕಮ್ಮಾ, ಅಲ್ಲಿಲ್ಲ ಅಂತ ಆಗ್ಲೇ ಹೇಳಿದ್ನಲ್ಲ" ಅನ್ನುತ್ತಿದ್ದಾಳೆ. ಇವತ್ತು ಇಡೀ ದಿನ ಅವಳು ಹೇಳಿದ್ದೇ ಸರಿಯಾಗಿತ್ತು. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇಜಾರಿರಲ್ಲ.

ಹುಡುಕುತ್ತಿರುವುದು ಒಂದು ಡಬ್ಬಿ. ಯಾರೋ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ನೆಟ್‌ನಲ್ಲಿ ಹಾಕಿದ್ದಾರೆ. ನಾವು ಹೋಗಿ ಹುಡುಕಬೇಕು. ಒಳಗಿರುವ ಪೇಪರ್ ಮೇಲೆ ಹೆಸರು, ತಾರೀಖು ಬರೆಯಬೇಕು. ಆಮೇಲೆ ಇದ್ದ ಜಾಗದಲ್ಲಿ ಇದ್ದ ಹಾಗೇ ಇಟ್ಟು ಬರಬೇಕು. ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ. ಪಾರ್ಕಿನ ಹೆಸರು ಹೇಳುವುದಿಲ್ಲ, ಡಬ್ಬಿ ಇದ್ದ ಜಾಗವನ್ನು ಬ್ಲರ್ ಮಾಡಿದ್ದೇನೆ. ತೋರಿಸಿಬಿಟ್ಟರೆ ಮುಂದೆ ಬರುವವರ ಆಟ ಕೆಡುತ್ತೆ.

ಈ ಆಟ ಶುರುವಾದ ಕಥೆ ನನಗೆ ತುಂಬಾ ಇಷ್ಟ. ನಾವು ಎಲ್ಲಿದ್ದೇವೆ ಅಂತ ಉಪಗ್ರಹಗಳಿಂದ ತಿಳಿಸುವ ಜಿಪಿಎಸ್ ಅಮೆರಿಕದ ಮಿಲಿಟರಿಯದ್ದು. ಸಾಮಾನ್ಯ ಜನರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕಂತಲೇ ಸ್ವಲ್ಪ ತಪ್ಪು ಬೆರೆಸುತ್ತಿದ್ದರು. ನೀವು ಇಲ್ಲಿದ್ದೀರಿ ಅಂತ ಅದು ತೋರಿಸಿದರೆ, ನೂರು ಮೀಟರ್ ಆಚೆ ಈಚೆ ಎಲ್ಲಿ ಬೇಕಾದರೂ ಇರಬಹುದು. ಗಾಂಧಿ ಬಜಾರಿನಲ್ಲಿ ನೂರು ಮೀಟರ್ ಅಂದರೆ ಎಷ್ಟು ಹೂವಿನ ಅಂಗಡಿ ಆಯಿತು ಲೆಕ್ಕ ಹಾಕಿ. 2000ನೇ ಇಸವಿ ಮೇ 2ಕ್ಕೆ ಆ ತಪ್ಪು ಬೆರೆಸುವುದನ್ನು ನಿಲ್ಲಿಸಿದರು. ಮಾರನೇ ದಿನವೇ ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಅನ್ನುವವರು ಒಂದು ಕಪ್ಪು ಬಕೆಟ್ ತೆಗೆದುಕೊಂಡು ಕಾಡಿಗೆ ಹೋದರು. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಟಿನ್ ಬೀನ್ಸ್ ಇಟ್ಟು, ಅದು ಎಲ್ಲಿದೆ ಅಂತ ಇಂಟರ್ನೆಟ್‌ನಲ್ಲಿ ಹಾಕಿದರು. ಮೂರು ದಿನದೊಳಗೆ ಮೈಕ್ ಟೀಗ್ ಅನ್ನುವವರು ಹುಡುಕಿಯೂ ಬಿಟ್ಟರು. ಈಗ ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ.

ಈಗ ತಿನ್ನುವ ಪದಾರ್ಥ ಮಾತ್ರ ಇಡುವ ಹಾಗಿಲ್ಲ, ಪ್ರಾಣಿಗಳು ಬಿಡುವುದಿಲ್ಲ. ಬಸವನಗುಡಿಯಲ್ಲಿ ಬಕೆಟ್ ತುಂಬಾ ಕಡಲೆಕಾಯಿ ಬಚ್ಚಿಟ್ಟರೆ ಅಳಿಲುಗಳಿಗೆ ಜಿಪಿಎಸ್ಸೇ ಬೇಡ.

ಶುರು ಮಾಡುವುದು ಸುಲಭ. ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಫ್ರೀ ಅಕೌಂಟ್ ಮಾಡಿ. ಸುತ್ತಮುತ್ತ ಇರುವ ಡಬ್ಬಿಗಳು ಮ್ಯಾಪ್ ಮೇಲೆ ಕಾಣುತ್ತವೆ. ಕೆಲವು ದುಡ್ಡು ಕೊಟ್ಟವರಿಗೆ ಮಾತ್ರ, ಅವನ್ನು ಬಿಟ್ಟಾಕಿ. ಪ್ರತಿಯೊಂದಕ್ಕೂ ಎರಡು ನಂಬರ್ ಕೊಟ್ಟಿರುತ್ತಾರೆ. ಹುಡುಕೋಕೆ ಎಷ್ಟು ಕಷ್ಟ, ಅಲ್ಲಿಗೆ ತಲುಪೋಕೆ ಎಷ್ಟು ಕಷ್ಟ ಅಂತ. 1ರಿಂದ 5ರವರೆಗೆ. ಮೊದಲ ಸಲ ಎರಡೂ 2ರ ಒಳಗೆ ಇರುವುದನ್ನೇ ಆರಿಸಿಕೊಳ್ಳಿ. ಅದಕ್ಕಿಂತ ಮುಖ್ಯ, ಕೊನೆಯ ಸಲ ಯಾವಾಗ ಸಿಕ್ಕಿತ್ತು ಅಂತ ನೋಡಿ. ಮೇಲಿಂದ ಮೇಲೆ ಮೂರು ನಾಲ್ಕು ಜನ "ಸಿಗಲಿಲ್ಲ" ಅಂತ ಬರೆದಿದ್ದರೆ ಡಬ್ಬಿ ಅಲ್ಲಿ ಇಲ್ಲ ಅಂತಲೇ ತಿಳಿಯಿರಿ. ನಮ್ಮೂರಲ್ಲಿ ಒಂದು ಚರಂಡಿ ಕೆಲಸ ನಡೆದರೆ ಸಾಕು, ಡಬ್ಬಿ ಏನು, ಅದನ್ನು ಬಚ್ಚಿಟ್ಟ ಫುಟ್‌ಪಾತೇ ಇರುವುದಿಲ್ಲ.

ನಾನು ಮಾಡಿದ ಪೆದ್ದು ಕೆಲಸವನ್ನೂ ಹೇಳಿಬಿಡುತ್ತೇನೆ. ಆ್ಯಪ್‌ನಲ್ಲಿ ಜಾಗದ ಲೆಕ್ಕ ಡಿಗ್ರಿ ಮತ್ತು ಮಿನಿಟ್‌ನಲ್ಲಿ ಇರುತ್ತೆ. ಬಸವನಗುಡಿ ಅಂದರೆ ಉತ್ತರಕ್ಕೆ 12 ಡಿಗ್ರಿ 56 ಮಿನಿಟ್ ಚಿಲ್ಲರೆ, ಪೂರ್ವಕ್ಕೆ 77 ಡಿಗ್ರಿ 34 ಮಿನಿಟ್ ಚಿಲ್ಲರೆ. ನಾನು ಜಾಣೆ. ಅದನ್ನು ಕೈಯಲ್ಲಿ ಬರೆದುಕೊಂಡು, ದಿನಾ ಬಳಸುವ ಮ್ಯಾಪ್‌ನಲ್ಲಿ 12.56, 77.34 ಅಂತ ಹೊಡೆದೆ. ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, ಚುಕ್ಕೆ ಇಟ್ಟರೆ ನೂರನೇ ಒಂದು ಭಾಗ ಆಗಿಬಿಡುತ್ತೆ ಅನ್ನುವುದು ಹೊಳೆಯಲೇ ಇಲ್ಲ. ಮ್ಯಾಪ್ ತಣ್ಣಗೆ ನನ್ನನ್ನು ಕನಕಪುರದ ಹತ್ತಿರ ಕಳಿಸಿತು. ಇಲ್ಲಿಂದ 50 ಕಿಲೋಮೀಟರ್! ಪಾರ್ಕ್ ಗೇಟ್ ಮುಂದೆ ನಿಂತು "ಕನಕಪುರ ರೋಡಲ್ಲಿ ಎಡಕ್ಕೆ ತಿರುಗಿ" ಅಂತ ಹೇಳಿಸಿಕೊಂಡಿದ್ದೇನೆ. ಪುಟ್ಟಿ ಅದನ್ನು ಇನ್ನೂ ಮರೆತಿಲ್ಲ, ಮರೆಯುವ ಸೂಚನೆಯೂ ಇಲ್ಲ.

ಸರಿ, ಪಾರ್ಕಿಗೆ ವಾಪಸ್ ಬರೋಣ.

ಫೋನ್ ನಮ್ಮನ್ನು ನಾಲ್ಕೈದು ಮೀಟರ್ ಹತ್ತಿರದವರೆಗೆ ತರುತ್ತದೆ, ಮರದ ಕೆಳಗಾದರೆ ಅದೂ ಇಲ್ಲ. ನೋಡಿ, ಬಾಣದ ಗುರುತು ಹೇಗೆ ಗಿರಗಿರ ತಿರುಗುತ್ತಿದೆ. ಅಲ್ಲಿಂದ ಮುಂದೆ ಫೋನ್ ಜೇಬಿಗೆ, ಕೆಲಸ ಕಣ್ಣಿಗೆ. ಈ ಡಬ್ಬಿಗೆ ಕೊಟ್ಟಿದ್ದ ಸುಳಿವು ಒಂದೇ ಪದ: ಅಯಸ್ಕಾಂತ. ಅದನ್ನು ಓದಿಯೂ ನಾನು ಹತ್ತು ನಿಮಿಷ ಕಲ್ಲು ಬೆಂಚು ತಡಕಾಡಿದ್ದೇನೆ. "ಅಯಸ್ಕಾಂತ ಕಲ್ಲಿಗೆ ಅಂಟಲ್ಲ ಚಿಕ್ಕಮ್ಮ" ಅಂತ ನಾಲ್ಕನೇ ಕ್ಲಾಸು ಹೇಳಬೇಕಾಯಿತು.

ಈ ಆಟ ಗೊತ್ತಿಲ್ಲದ ಜನರಿಗೆ ಆಟಗಾರರು ಇಟ್ಟಿರುವ ಹೆಸರು 'ಮಗಲ್'. ಮಗಲ್‌ಗಳು ನೋಡುವಾಗ ಡಬ್ಬಿ ತೆಗೆಯಬಾರದು, ಯಾರೂ ಇಲ್ಲದ ಹೊತ್ತು ನೋಡಿ ತೆಗೆಯಿರಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಯಾರೂ ಇಲ್ಲದ ಹೊತ್ತು! ಬೆಂಗಳೂರಿನ ಪಾರ್ಕಿನಲ್ಲಿ! ಆರೂವರೆಗೆ ಆಗಲೇ ವಾಕಿಂಗ್‌ನವರು ಮೂರನೇ ರೌಂಡಲ್ಲಿದ್ದರು. ಒಂದು ಕಡೆ ನಗೆಕೂಟದವರು ಕೈ ಮೇಲೆತ್ತಿ ನಗುತ್ತಿದ್ದರು. ನಾನು ಶೂ ಲೇಸ್ ಕಟ್ಟುವ ಹಾಗೆ ನಟಿಸಿದೆ. ಐದು ಸಲ ಕಟ್ಟಿದೆ. ಹಾಕಿಕೊಂಡು ಹೋಗಿದ್ದು ಚಪ್ಪಲಿ.

ಪಾರ್ಕ್ ಗುಡಿಸುವ ಅಮ್ಮ ಪೊರಕೆ ನಿಲ್ಲಿಸಿ ಕೇಳಿದರು. "ಏನಮ್ಮಾ, ಏನ್ ಕಳ್ಕೊಂಡ್ರಿ?"

ಸತ್ಯ ಹೇಳಬಹುದಿತ್ತು. ಆದರೆ ಡಬ್ಬಿ, ಉಪಗ್ರಹ, ಅಮೆರಿಕ ಅಂತ ಎಲ್ಲಿಂದ ಶುರು ಮಾಡೋದು? "ಬೀಗದ ಕೈ" ಅಂದುಬಿಟ್ಟೆ.

ಮುಗೀತು ಕಥೆ. ಮಂಕಿ ಟೋಪಿ ಹಾಕಿದ್ದ ಒಬ್ಬ ಅಂಕಲ್ ಬಂದರು. "ಯಾವ ಬೀಗದ್ದು? ಗೋದ್ರೆಜ್ಜಾ?" ಅವರ ಜೊತೆ ಇನ್ನಿಬ್ಬರು. "ಎಲ್ಲಿ ಕೂತಿದ್ರಿ? ಎಷ್ಟು ಹೊತ್ತಿಗೆ? ಕೀ ಬಂಚ್ ಇತ್ತಾ?" ಒಬ್ಬರು ಕಡ್ಡಿ ತಂದು ಎಲೆ ಕೆದಕಿದರು. ಇನ್ನೊಬ್ಬರು ಫೋನ್ ಟಾರ್ಚ್ ಹಾಕಿಕೊಂಡು ಮಂಡಿ ಊರಿದರು, ಎಪ್ಪತ್ತರ ವಯಸ್ಸು. ಕಳೆಯದೇ ಇರುವ ಬೀಗದ ಕೈಗೆ ನಾಲ್ಕು ಜನ ಬೆವರು ಸುರಿಸುತ್ತಿದ್ದಾರೆ. ಅದು ನನ್ನ ಬ್ಯಾಗಿನಲ್ಲೇ ಇದೆ, ನಡೆದರೆ ಸದ್ದು ಬರುತ್ತೆ ಅಂತ ನಾನು ಅಲ್ಲಾಡುತ್ತಿಲ್ಲ. ಪುಟ್ಟಿ ನನ್ನ ಮುಖ ನೋಡಿದಳು. ಆ ನೋಟ ರೆಕಾರ್ಡ್ ಆಗಿಲ್ಲ, ಪುಣ್ಯ.

ತಡೆಯಲಾಗದೆ ಎಲ್ಲ ಹೇಳಿದೆ. ಅಂಕಲ್ ಸೊಂಟ ನೆಟ್ಟಗೆ ಮಾಡಿಕೊಂಡು ಪೂರ್ತಿ ಕೇಳಿದರು.

"ಡಬ್ಬಿಯಲ್ಲಿ ಏನಿದೆ?"

"ಪೇಪರ್, ಅಂಕಲ್."

"ಅದರಲ್ಲಿ?"

"ಹೆಸರು ಬರೀಬೇಕು."

"ಬರೆದ್ರೆ ಏನ್ ಕೊಡ್ತಾರೆ?"

"ಏನೂ ಇಲ್ಲ."

ಒಂದು ನಿಮಿಷ ಸುಮ್ಮನಿದ್ದರು. ಬೈಯುತ್ತಾರೆ ಅಂದುಕೊಂಡೆ. "ಎಲ್ಲಿ, ಆ ಮ್ಯಾಪ್ ಇತ್ಲಾಗೆ ಕೊಡಿ" ಅಂದರು.

ಅಷ್ಟರಲ್ಲಿ ಗುಡಿಸುವ ಅಮ್ಮ, ಪೊರಕೆಗೆ ಒರಗಿಕೊಂಡು ನಗುತ್ತಾ, "ಆ ಚಿಕ್ಕ ಡಬ್ಬೀನಾ? ಮೊದ್ಲೇ ಹೇಳಬಾರ್ದಿತ್ತಾ" ಅಂದರು. ನೇರ ಹೋಗಿ ಒಂದು ಕಡೆ ಬೆರಳು ತೋರಿಸಿದರು. ಕಬ್ಬಿಣ. ನಾನು ಎರಡು ಸಲ ಕೈ ಊರಿ ನಿಂತಿದ್ದ ಕಬ್ಬಿಣ. ಅಡಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಡಬ್ಬಿ ಅಂಟಿಕೊಂಡಿತ್ತು. "ಆಗೊಬ್ರು ಈಗೊಬ್ರು ಬರ್ತಾರೆ. ಅತ್ಲಾಗ್ ಇತ್ಲಾಗ್ ನೋಡ್ತಾರೆ, ತೆಗೀತಾರೆ, ಏನೋ ಬರೀತಾರೆ, ಇಡ್ತಾರೆ. ಬಣ್ಣ ಹೊಡೆಯೋರು ಬಂದಾಗ ಬಿದ್ದೋಗಿತ್ತು. ನಾನೇ ಎತ್ತಿ ಮತ್ತೆ ಅಂಟಿಸ್ದೆ."

ಒಳಗೆ ಬೀಡಿಯ ಹಾಗೆ ಸುತ್ತಿದ ಪೇಪರ್ ಸುರುಳಿ. ಬೆರಳು ಹೋಗುವುದಿಲ್ಲ, ಪುಟ್ಟಿಯ ಹೇರ್‌ಪಿನ್‌ನಿಂದ ಎಳೆದೆವು. ಮಳೆಗಾಲದ ನೀರು ಹೋಗಿ ಅರ್ಧ ಹೆಸರುಗಳು ನೀಲಿ ಕಲೆ ಆಗಿದ್ದವು. ಓದಲು ಬಂದ ಕೊನೆಯ ತಾರೀಖು ಏಳು ತಿಂಗಳ ಹಿಂದಿನದು. ಬರೆಯೋಣ ಅಂತ ನೋಡಿದರೆ ನನ್ನ ಹತ್ತಿರ ಪೆನ್ನೇ ಇಲ್ಲ. ಹೇಳಿದೆನಲ್ಲ, ಜಾಣೆ ಅಂತ. ಅಂಕಲ್ ಜೇಬಿಂದ ಪೆನ್ ಕೊಟ್ಟರು, ಕ್ಯಾಪ್ ಮಾತ್ರ ಅವರ ಕೈಯಲ್ಲೇ ಇಟ್ಟುಕೊಂಡು. ಪುಟ್ಟಿ ಬರೆದಳು, ನಾನು ಬರೆದೆ. ಆಮೇಲೆ ಅಂಕಲ್, "ನಾನೂ ಬರೀಬಹುದಾ?" ಅಂತ ಕೇಳಿ, ಇನಿಷಿಯಲ್ ಸಮೇತ, ಚೆಕ್ಕಿಗೆ ಹಾಕುವಂಥ ಸಹಿ ಹಾಕಿದರು. ಮೂರು ಜನರ ಜಾಗ ಹೋಯಿತು. ಮುಂದೆ ಬರುವವರು ಕ್ಷಮಿಸಬೇಕು.

"ನಿಮ್ಮ ಹೆಸರೂ ಬರೀತೀನಿ, ಹೇಳಿ" ಅಂದೆ ಆ ಅಮ್ಮನಿಗೆ. "ನಂದು ಬೇಡ. ಬೇಗ ಮುಚ್ಚಿ, ಜನ ಬರ್ತಾವ್ರೆ" ಅಂದರು.

ಅಲ್ಲಿಂದ ಲಾಲ್‌ಬಾಗ್‌ಗೆ. ಡಬ್ಬಿಯೇ ಇಲ್ಲದ ಜಿಯೋಕ್ಯಾಶ್ ಕೂಡ ಉಂಟು, ಅರ್ಥ್‌ಕ್ಯಾಶ್ ಅಂತಾರೆ. ಅಲ್ಲಿನ ಕಲ್ಲನ್ನೋ ಮಣ್ಣನ್ನೋ ಕಣ್ಣಿಟ್ಟು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ಅದು ಹೇಗಿರುತ್ತೆ ಅಂತ ಪುಟ್ಟಿಗೆ ತೋರಿಸೋಕೆ ಇಲ್ಲಿನ ದೊಡ್ಡ ಬಂಡೆಗಿಂತ ಒಳ್ಳೆ ಜಾಗ ಇಲ್ಲ. ಸುಮಾರು 300 ಕೋಟಿ ವರ್ಷ ಹಳೆಯದು. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇ ಮಾಡಿದ್ದು. ಸ್ವಲ್ಪ ಕೂತು ಕಾಲ ಕೆಳಗೆ ನೋಡಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ, ಕೆಲವು ಕಡೆ ರಾಗಿ ಅಂಬಲಿ ತಿರುವಿದ ಹಾಗೆ ಸುಳಿ ಸುಳಿ. ಪುಟ್ಟಿ ಒಂದು ಪಟ್ಟೆಯ ಮೇಲೆ ಬೆರಳಿಟ್ಟುಕೊಂಡು ಎಷ್ಟು ದೂರ ಹೋಗುತ್ತೆ ಅಂತ ಬಗ್ಗಿಕೊಂಡೇ ನಡೆದಳು. ಸೌತೆಕಾಯಿ ಮಾರುವವರು ದಾರಿ ಬಿಟ್ಟರು.

ನಿಮ್ಮೂರಿನ ಮ್ಯಾಪ್‌ನಲ್ಲಿ ಒಂದೂ ಡಬ್ಬಿ ಕಾಣದಿದ್ದರೆ? ನಮ್ಮ ಕಡೆ ಹಾಗೆ ಆಗುವುದೇ ಜಾಸ್ತಿ. ಶಾಸನ ಹುಡುಕಿ ಅನ್ನುತ್ತೇನೆ. ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಹೊರತಂದರು. ಯಾವ ಊರು, ಯಾವ ಗುಡಿಯ ಯಾವ ಕಡೆ, ಯಾರ ಹೊಲದಲ್ಲಿ ಕಲ್ಲು ನಿಂತಿದೆ ಅಂತ ಒಂದೊಂದಕ್ಕೂ ಒಂದು ಸಾಲು. ಸುಳಿವು ಅಂದರೆ ಇದು. ಹೊಲ ಈಗ ಲೇಔಟ್ ಆಗಿರುತ್ತೆ, ಕಷ್ಟದ ನಂಬರ್ 5 ಅಂತ ಇಟ್ಟುಕೊಳ್ಳಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ 'ಬೆಂಗಳೂರು ಕಾಳಗ'ದ ಕಲ್ಲಿನಿಂದ ಶುರು ಮಾಡಬಹುದು. ಸುಮಾರು 890ನೇ ಇಸವಿಯದು, ಬೆಂಗಳೂರು ಅನ್ನುವ ಹೆಸರು ಆಗಲೇ ಅದರಲ್ಲಿದೆ.

ಒಂದು ಎಚ್ಚರಿಕೆ ಮಾತ್ರ. ಹಳೇ ಗುಡಿ, ಮಂಟಪದ ಹತ್ತಿರ ಸಂಜೆ ಹೊತ್ತು ಫೋನ್ ಹಿಡಿದು ಸಂದಿಗೊಂದಿ ಇಣುಕಬೇಡಿ. ನಿಧಿ ತೆಗೆಯೋಕೆ ಬಂದವರು ಅಂತ ಊರೇ ಸೇರುತ್ತೆ, ಅದರಲ್ಲಿ ಅವರ ತಪ್ಪೂ ಇಲ್ಲ. ಹಗಲು ಹೋಗಿ, ಅಲ್ಲಿದ್ದವರನ್ನು ಮೊದಲು ಮಾತಾಡಿಸಿ. ಈ ಆಟದಲ್ಲಿ ನೆಲ ಅಗೆಯುವ ಹಾಗೇ ಇಲ್ಲ. ಬಂಡೆ ಸಂದಿಗೆ ಕೈ ಹಾಕುವ ಮುಂಚೆ ಕಡ್ಡಿ ಆಡಿಸಿ, ಹಾವು ಚೇಳಿಗೆ ನಮ್ಮ ಆ್ಯಪ್ ಗೊತ್ತಿಲ್ಲ. ನೀವೇ ಡಬ್ಬಿ ಇಡಬೇಕು ಅನಿಸಿದರೆ ಆತುರ ಬೇಡ, ಒಂದಿಪ್ಪತ್ತು ಹುಡುಕಿದ ಮೇಲೆ ಇಡಿ. ಶಾಲೆ, ರೈಲ್ವೆ ಹಳಿ, ಮಿಲಿಟರಿ ಜಾಗದ ಹತ್ತಿರ ಬೇಡವೇ ಬೇಡ. ಎರಡು ಡಬ್ಬಿಗಳ ನಡುವೆ 161 ಮೀಟರ್ ಆದರೂ ಅಂತರ ಇರಬೇಕು.

ಮನೆಗೆ ಬಂದು ಆ್ಯಪ್‌ನಲ್ಲಿ "ಸಿಕ್ಕಿತು" ಅಂತ ಒತ್ತಿದೆ. ಜೊತೆಗೆ, ಪೇಪರ್ ಒದ್ದೆಯಾಗಿದೆ, ಬದಲಾಯಿಸಬೇಕು ಅಂತ ಡಬ್ಬಿ ಇಟ್ಟವರಿಗೆ ಬರೆದೆ. ಪುಟ್ಟಿ ಆಗಲೇ ಮ್ಯಾಪ್ ತೆಗೆದು ಕೂತಿದ್ದಳು.

"ಚಿಕ್ಕಮ್ಮಾ, ಆ ಕನಕಪುರದ ಜಾಗದಲ್ಲಿ ಏನಿದೆ?"

"ಏನೂ ಇರಲ್ಲ ಕಣೇ. ಅದು ನಾನು ತಪ್ಪಾಗಿ ಹೊಡೆದಿದ್ದು."

"ಹೋಗಿ ನೋಡಿದ್ಯಾ?"

ಮುಂದಿನ ಭಾನುವಾರ ಹೊರಡುತ್ತಿದ್ದೇವೆ. ಪೆನ್ ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.