ಹಿರೇಮದ್ದಿಗೆ ಮದ್ದಿನ ಮರ್ಯಾದೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತವರ ಕೈಗೆ ಒಂದು ಒಣಬೇರನ್ನು ಕೊಟ್ಟಿದ್ದೇನೆ. ತುದಿ ಮುರಿದು ಮೂಸಿ ನೋಡಿ, ಹಿಂದಿನವರಿಗೆ ದಾಟಿಸಿ. ಹಸಿಬೇರಿಗೆ ಕುದುರೆಯ ವಾಸನೆ ಇರುವುದರಿಂದಲೇ ಇದಕ್ಕೆ ಅಶ್ವಗಂಧ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದಕ್ಕೆ ಅಂಗರಬೇರು ಎಂದೂ ಹಿರೇಮದ್ದಿನ ಗಿಡ ಎಂದೂ ಹೆಸರುಗಳಿವೆ. ನನಗೆ ಎರಡನೆಯದೇ ಇಷ್ಟ. ಗಿಡವನ್ನು ಕರೆಯುವಾಗಲೇ ಮದ್ದು ಎಂದು ಎಚ್ಚರಿಸುವ ಹೆಸರು ಅದು. ನಾವಾದರೋ ಈಗ ಅದನ್ನು ಕಾಫಿಪುಡಿ, ಬಿಸ್ಕತ್ತಿನ ಜೊತೆಗೆ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ.

ಮೂವತ್ತು ವರ್ಷ ಔಷಧಿ ಸಸ್ಯಗಳ ಪಾಠ ಮಾಡಿದವಳು ನಾನು. ಈ ಗಿಡದ ಮೇಲೆ ನನಗೆ ಪ್ರೀತಿಯಿದೆ. ಬದನೆ, ಟೊಮೆಟೊ, ಮೆಣಸಿನಕಾಯಿಯ ಕುಟುಂಬಕ್ಕೆ ಸೇರಿದ್ದು. ಕಾಗದದಂಥ ತೆಳ್ಳನೆಯ ಹೊದಿಕೆಯೊಳಗೆ ಕೆಂಪು ಹಣ್ಣು ಬಿಡುತ್ತದೆ. ನೀರು ನಿಲ್ಲದ, ಸಾರವಿಲ್ಲದ ಮಣ್ಣಿನಲ್ಲೂ ಬದುಕುತ್ತದೆ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಸೀಮೆಯ ರೈತರಿಗೆ ಇದು ದೊಡ್ಡ ಬೆಳೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವಿಥಾನಿಯಾ ಸೋಮ್ನಿಫೆರಾ. ಸೋಮ್ನಿಫೆರಾ ಎಂದರೆ ನಿದ್ದೆ ತರುವುದು. ಚುರುಕಾಗಲೆಂದು ಬೆಳಿಗ್ಗೆ ಇದನ್ನು ನುಂಗಿ ಸ್ಕೂಟರ್ ಹತ್ತುವವರು ಈ ಅರ್ಥವನ್ನು ನೆನಪಿಟ್ಟುಕೊಳ್ಳಬೇಕು. ಕೆಲವರಿಗೆ ಇದರಿಂದ ತೂಕಡಿಕೆ ಬರುತ್ತದೆ.

ಡಬ್ಬಿಗಳ ಮೇಲೆ ‘ಅಡಾಪ್ಟೋಜೆನ್’ ಎಂಬ ಮಾತು ಇರುತ್ತದೆ. ಅದನ್ನು ಪುರಾತನ ಜ್ಞಾನವೆಂದು ಓದಬೇಡಿ. 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಕಟ್ಟಿದ ಪದ ಅದು. ದೇಹ ಯಾವುದೇ ಬಗೆಯ ಒತ್ತಡವನ್ನು ತಾಳಿಕೊಳ್ಳುವಂತೆ ಮಾಡುವ ವಸ್ತು ಎಂಬುದು ಅವರ ಕಲ್ಪನೆ. ಅವರು ಆಗ ಪರೀಕ್ಷಿಸುತ್ತಿದ್ದುದು ಡಿಬಜೋಲ್ ಎಂಬ ಕೃತಕ ಔಷಧವನ್ನು. ಆಮೇಲೆ ಅದೇ ದೇಶದ ವಿಜ್ಞಾನಿ ಇಸ್ರೇಲ್ ಬ್ರೆಖ್‌ಮನ್ ಅದೇ ಕಲ್ಪನೆಯನ್ನು ಜಿನ್ಸೆಂಗ್ ಎಂಬ ಔಷಧಿ ಗಿಡಕ್ಕೂ ಅದರ ಬಳಗದ ಗಿಡಗಳಿಗೂ ಬೆಳೆಸಿದರು. ಅಶ್ವಗಂಧ ಆ ಪಟ್ಟಿಗೆ ಸೇರಿದ್ದು ತಡವಾಗಿ. ನಮ್ಮ ಚರಕಸಂಹಿತೆಯಲ್ಲಿ ಅದು ಬಲ್ಯ, ಬೃಂಹಣೀಯ ಎಂಬ ಗುಂಪುಗಳಲ್ಲಿ ಬರುತ್ತದೆ. ಬಲ ಕೊಡುವುದು, ಸೊರಗಿದ ಮೈಯನ್ನು ತುಂಬಿಸುವುದು ಎಂದು ಅರ್ಥ. ಹಾಲು, ತುಪ್ಪದೊಂದಿಗೆ, ರೋಗಿಯ ಜೀರ್ಣಶಕ್ತಿಯನ್ನು ನೋಡಿ ವೈದ್ಯರು ಕೊಡುತ್ತಿದ್ದರು. ರೋಗಿಯನ್ನು ನೋಡಿ ಎಂಬ ಆ ಭಾಗವನ್ನೇ ನಾವು ಕೈಬಿಟ್ಟಿದ್ದೇವೆ.

ಹಾಗಾದರೆ ಕೆಲಸ ಮಾಡುತ್ತದೆಯೇ? ಮಾಡುತ್ತದೆ ಎನ್ನಲು ಆಧಾರಗಳಿವೆ. 2012ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ದೀರ್ಘಕಾಲದ ಒತ್ತಡವಿದ್ದ 64 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇರಿನ ಸಾರದ 300 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಎರಡು ಸಲ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಗುಳಿಗೆಯನ್ನು 60 ದಿನ ಕೊಟ್ಟರು. ಬೇರಿನ ಸಾರ ಪಡೆದವರಲ್ಲಿ ಒತ್ತಡದ ಅಂಕಗಳು ಸ್ಪಷ್ಟವಾಗಿ ಇಳಿದವು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ರಕ್ತದಲ್ಲಿ ಶೇ 27.9ರಷ್ಟು ಕಡಿಮೆಯಾಯಿತು. ಹುಸಿ ಗುಳಿಗೆಯವರಲ್ಲಿ ಆ ಇಳಿಕೆ ಶೇ 7.9 ಮಾತ್ರ. ನಿದ್ದೆಯ ಬಗೆಗೂ ಇಂಥ ಒಳ್ಳೆಯ ಫಲಿತಾಂಶಗಳು ಬಂದಿವೆ. ಆದರೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು, ಎರಡು ಮೂರು ತಿಂಗಳಲ್ಲಿ ಮುಗಿದವು. ಎರಡು ವರ್ಷದಿಂದ ಬಿಡದೆ ನುಂಗುತ್ತಿದ್ದೇನೆ ಎನ್ನುವವರಿಗೆ ಈ ಅಂಕಿಗಳು ಧೈರ್ಯ ಕೊಡಲಾರವು. ಮನಸ್ಸಿನ ದಣಿವಿಗೆ, ಏಕಾಗ್ರತೆಗೆ ಸಿಕ್ಕಿರುವ ಆಧಾರವಂತೂ ಒತ್ತಡ, ನಿದ್ದೆಗಳಿಗೆ ಸಿಕ್ಕಿದ್ದಕ್ಕಿಂತ ತೆಳು.

ಈಗ ನನ್ನ ತಂಗಿಯ ವಿಷಯ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಶಾಲೆಯಲ್ಲಿ ಪಾಠ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಸಂಜೆಯಾದರೆ ತಲೆ ಓಡುವುದಿಲ್ಲ ಎನ್ನುತ್ತಿದ್ದಳು. ಯಾರೋ ಹೇಳಿದರೆಂದು ಅಶ್ವಗಂಧದ ಗುಳಿಗೆ ಶುರು ಮಾಡಿದಳು. ಥೈರಾಯ್ಡ್ ಕೊರತೆಗೆ ಎಂಟು ವರ್ಷದಿಂದ ದಿನವೂ ಮಾತ್ರೆ ನುಂಗುತ್ತಿದ್ದವಳು, ಹೊಸ ಗುಳಿಗೆಯ ಮಾತನ್ನು ತನ್ನ ವೈದ್ಯರಿಗೆ ತಿಳಿಸಲಿಲ್ಲ. ನನಗೂ ತಿಳಿಸಲಿಲ್ಲ. ಆರನೆಯ ವಾರಕ್ಕೆ ಎದೆ ಬಡಿತ, ಕೈ ನಡುಕ, ರಾತ್ರಿಯಿಡೀ ಎಚ್ಚರ. ಒತ್ತಡ ಹೆಚ್ಚಾಯಿತೆಂದುಕೊಂಡು ಇನ್ನೊಂದು ಗುಳಿಗೆ ಸೇರಿಸಿದಳು! ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಹಾರ್ಮೋನು ಮಿತಿ ಮೀರಿತ್ತು. ಅಶ್ವಗಂಧ ಆ ಹಾರ್ಮೋನನ್ನು ಏರಿಸಬಲ್ಲದು ಎಂಬುದು ಪರೀಕ್ಷೆಗಳಲ್ಲಿ ಕಂಡಿರುವ ಸಂಗತಿ. ಗುಳಿಗೆ ನಿಲ್ಲಿಸಿದ ಮೇಲೆ ಸರಿಹೋದಳು. ಅವಳಿಗೆ ಪುಸ್ತಕದ ತಿಳಿವಳಿಕೆಯುಳ್ಳ ಅಕ್ಕನಿದ್ದೂ ಹೀಗಾಯಿತಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಯಕೃತ್ತಿನ ವಿಷಯವನ್ನೂ ಮುಚ್ಚಿಡಬಾರದು. ಅಶ್ವಗಂಧ ಸೇವಿಸಿದವರಲ್ಲಿ ಕಾಮಾಲೆ, ತುರಿಕೆ ಕಾಣಿಸಿಕೊಂಡ ಪ್ರಕರಣಗಳು ಐಸ್‌ಲ್ಯಾಂಡ್, ಅಮೆರಿಕ, ನಮ್ಮ ದೇಶ ಎಲ್ಲ ಕಡೆಯಿಂದಲೂ ವರದಿಯಾಗಿವೆ. ಅಪರೂಪ ನಿಜ, ಬಹುಪಾಲು ಜನ ಗುಳಿಗೆ ಬಿಟ್ಟ ಮೇಲೆ ಚೇತರಿಸಿಕೊಂಡರು. ಮೊದಲೇ ಯಕೃತ್ತು ಕೆಟ್ಟಿದ್ದವರಿಗೆ ಪ್ರಾಣಾಪಾಯವೇ ಆದದ್ದುಂಟು. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಅಷ್ಟು ದೂರ ಹೋಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅದೇ ದಿನ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಟ್ಟಲೇಬಾರದು. ಸಕ್ಕರೆ, ರಕ್ತದೊತ್ತಡ, ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಶುರು ಮಾಡಬಾರದು.

ಇನ್ನೊಂದು ಮಾತಿಗೆ ಸ್ವಲ್ಪ ಹೊತ್ತು ಕೊಡಿ. ದಣಿವು ಎಂದು ನನ್ನ ಬಳಿ ಬಂದವರಿಗೆ ನಾನು ಮೊದಲು ಹೇಳುವುದು ರಕ್ತಪರೀಕ್ಷೆ ಮಾಡಿಸಿ ಎಂದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ, ಸುಸ್ತನ್ನೇ ಸ್ವಭಾವವೆಂದು ತಿಳಿದು ಬದುಕುವವರಿದ್ದಾರೆ. ಬಿ12 ಕೊರತೆ, ಥೈರಾಯ್ಡ್, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ದೆ, ಖಿನ್ನತೆ, ಇವೆಲ್ಲ ಬರುವುದೂ ತಲೆ ಓಡುವುದಿಲ್ಲ ಎಂಬ ದೂರಿನ ರೂಪದಲ್ಲೇ. ಖಿನ್ನತೆಯಿರುವವರ ಕೈಗೆ ಬೇರಿನ ಪುಡಿ ಕೊಟ್ಟು ಆರು ತಿಂಗಳು ಕಳೆಯುವುದು ಅವರಿಗೆ ಮಾಡುವ ಅನ್ಯಾಯ. ರಾತ್ರಿ ಪಾಳಿಯ ಹುಡುಗರು ಐದು ಗಂಟೆ ಮಲಗಿ, ಉಳಿದದ್ದನ್ನು ಗುಳಿಗೆ ತುಂಬಲಿ ಎಂದು ಕೇಳುತ್ತಾರೆ. ಅವರ ಕಷ್ಟ ಕಂಡು ಮರುಕವಾಗುತ್ತದೆ, ಆದರೂ ಆಗುತ್ತದೆ ಎಂದು ಸುಳ್ಳು ಹೇಳಲಾರೆ.

ಸಂಘಟಕರು ಹೇಳಿದಂತೆ ನಿಮ್ಮಲ್ಲಿ ಹಲವರು ಮನೆಯಲ್ಲಿರುವ ಡಬ್ಬಿಗಳನ್ನು ತಂದಿದ್ದೀರಿ. ಈ ಮೇಜಿನ ಮೇಲಿಡಿ. ಬೇರೋ ಎಲೆಯೋ ನೋಡೋಣ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ತಿಳಿಸಿತ್ತು. ಪುಡಿಯೋ ಸಾರವೋ ನೋಡೋಣ. ಚೂರ್ಣವನ್ನು 3ರಿಂದ 6 ಗ್ರಾಂವರೆಗೆ ಕೊಡುವ ಪದ್ಧತಿಯಿದೆ, ಸಾರ ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣ, ಆ ಲೆಕ್ಕವನ್ನು ಇದಕ್ಕೆ ಹಾಕಬಾರದು. ಈ ಗಿಡದ ಮುಖ್ಯ ಸತ್ವಗಳಾದ ವಿಥನೊಲೈಡ್‌ಗಳು ಶೇಕಡಾ ಎಷ್ಟೆಂದು ಬರೆದಿದ್ದಾರೆಯೇ, ತಯಾರಿಕೆಯ ದಿನಾಂಕವಿದೆಯೇ ಎಂಬುದನ್ನೂ ನೋಡೋಣ. ಜೊತೆಗೆ ನೀವು ದಿನವೂ ನುಂಗುವ ಬೇರೆ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಥೈರಾಯ್ಡ್ ಮಾತ್ರೆಯವರು ಮೊದಲು ಬನ್ನಿ.